ಆತ್ಮಾರಾಮ ಕಾಕಾನ ಒಂದೇ ರೀಲಿನ ಪಾಠ

ದೇವಿಕಾ ಆತ್ಮಾರಾಮರನ್ನು ಮೊದಲು ಕಂಡದ್ದು ಜಹೀರಾಬಾದ್ ಬಸ್ ನಿಲ್ದಾಣದ ಎದುರಿನ ಮಹಡಿಯ ಮೇಲಿದ್ದ ಅವರ ಫೋಟೊ ಅಂಗಡಿಯಲ್ಲಿ. ಕೆಳಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿ, ನಡುವೆ ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಷ್ಟು ಇಕ್ಕಟ್ಟಾದ ಮೆಟ್ಟಿಲು. ಅವಳು ಹತ್ತಿ ಹೋದಾಗ ಅವರು ಕುರ್ಚಿಯ ಮೇಲೆ ಪೇಪರ್ ಹಾಸಿಕೊಂಡು ಜೋಳದ ರೊಟ್ಟಿ ತಿನ್ನುತ್ತಿದ್ದರು. ಎಡಗೈಯಿಂದ ನೀಲಿ ಪರದೆಯ ಮುಂದಿನ ಸ್ಟೂಲು ತೋರಿಸಿದರು. ಕೈ ತೊಳೆದು, ಟವೆಲಿಗೆ ಒರೆಸಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ಬಂದು ಅವಳ ಗದ್ದವನ್ನು ಎರಡು ಬೆರಳಿನಿಂದ ಹಿಡಿದರು.

"ಗದ್ದ ಕೆಳಗ. ಜರಾ ಮ್ಯಾಲ. ಹಾಂ, ಬರೋಬರ್. ಕದಲಬ್ಯಾಡ!"

ಆ ಕೊನೆಯ ಮಾತನ್ನು ಅವರು ಹೇಳಿದ ರೀತಿಗೆ ದೇವಿಕಾ ಕಲ್ಲಾದಳು. ಅವಳಷ್ಟೇ ಅಲ್ಲ, ಚಹಾ ತಂದುಕೊಡಲು ಒಳಗೆ ಬಂದಿದ್ದ ಹೋಟೆಲಿನವನೂ ಒಂದು ಕಾಲು ಎತ್ತಿಕೊಂಡೇ ನಿಂತ. ಅಷ್ಟರಲ್ಲಿ ಫೋನು ಬಂತು. ತಾಂಡೂರಿನಿಂದ ಅವರ ತಂಗಿ ಚಂದ್ರಾಬಾಯಿ. ಆತ್ಮಾರಾಮ ಕಿಟಕಿಯ ಹತ್ತಿರ ಹೋಗಿ ಮಾತಿಗೆ ನಿಂತರು, ಗಿರಾಕಿಯನ್ನು ಮರೆತೇಬಿಟ್ಟರು. ದೇವಿಕಾಳ ಮೂಗಿನ ಮೇಲೆ ನೊಣ ಕೂತಿತು. ಅವಳು ಕದಲಲಿಲ್ಲ. ಕಣ್ಣು ಮಾತ್ರ ಹೊರಳಿಸಿದಾಗ ಗಾಜಿನ ಕಪಾಟಿನಲ್ಲಿ ಅದು ಕಂಡಿತು: ಇಟ್ಟಿಗೆಗಿಂತ ಚಿಕ್ಕದಾದ ಒಂದು ಕ್ಯಾಮೆರಾ, ಪಕ್ಕದಲ್ಲಿ ಆಟಿಕೆಗೆ ಇರುವಂಥ ಚಾವಿ.

ಫೋಟೊ ಮುಗಿದ ಮೇಲೆ ಕೇಳಿದಳು. "ಕಾಕಾ, ಅದು ಸಿನಿಮಾ ತೆಗಿಯೋದಲ್ರಿ? ನಡೀತದೇನ್ರಿ?"

"ನಡೀತದೇನಂತ ಕೇಳ್ತೀಯಲ್ಲ? ನಿನ್ನಕಿಂತ ಛಲೋ ನಡೀತದ!" ಅವರು ಕಪಾಟು ತೆಗೆದು, ಚಾವಿ ತಿರುವಿ, ಗುಂಡಿ ಒತ್ತಿದರು. ಕ್ಯಾಮೆರಾ ಗುರ್ರ್ ಎಂದಿತು. ಮುದುಕನ ಮುಖದಲ್ಲಿ ಆಗಷ್ಟೇ ಅಜ್ಜನಾದವನ ಸಂತೋಷ. "ಎಂಟು ಎಂಎಂ. ಸಕ್ಕರಿ ಫ್ಯಾಕ್ಟರಿ ಸಾಹೇಬ್ರು ಬಿಟ್ಟು ಹೋದದ್ದು. ಮಾರಾಕಿಲ್ಲ."

"ಕೊಳ್ಳಾಕಲ್ರಿ. ಕಲಿಯಾಕ."

ಅವರು ಕನ್ನಡಕವನ್ನು ಹಣೆಗೇರಿಸಿ ಅವಳನ್ನು ಮೊದಲ ಸಲ ನೋಡಿದರು.

ದೇವಿಕಾ ಕಂಗ್ಟಿ ಕಡೆಯ ಕುರಿ ಸಾಕುವ ಮನೆಯವಳು. ಆ ಮನೆಯಲ್ಲಿ ಡಿಗ್ರಿ ಓದಿದವಳು ಅವಳೊಬ್ಬಳೇ. ನಾರಾಯಣಖೇಡದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್ ಕೆಲಸ ಸಿದ್ಧವಾಗಿತ್ತು. ಫೋಟೊ ತೆಗೆಸಲು ಬಂದದ್ದೂ ಅದಕ್ಕೇ. ಆದರೆ ಹೈದರಾಬಾದಿನ ಒಂದು ಸಣ್ಣ ಸಿನಿಮಾ ಕೂಟದವರು ಬೇರೆ ಆಸೆ ತೋರಿಸಿದ್ದರು. ಹೊಸಬರು ಒಂದೇ ರೀಲಿನಲ್ಲಿ, ಕತ್ತರಿಸದೆ, ಅಂಟಿಸದೆ, ಶುರುವಿನಿಂದ ಕೊನೆಯವರೆಗೆ ಹೇಗೆ ತೆಗೆದರೋ ಹಾಗೆಯೇ ಚಿತ್ರ ಕೊಡಬೇಕು. ತೊಳೆಯದ, ಎಂದರೆ ಡೆವಲಪ್ ಮಾಡದ ರೀಲನ್ನೇ ಕಳಿಸಬೇಕು. ಅದನ್ನು ಅವರೇ ತೊಳೆದು ಪರದೆಗೆ ಹಾಕುತ್ತಾರೆ, ಮೆಚ್ಚಿದವರಿಗೆ ತಮ್ಮ ಲ್ಯಾಬಿನಲ್ಲಿ ಕೆಲಸ ಕಲಿಸುತ್ತಾರೆ. ಚಿತ್ರ ಪೂರ್ತಿ ಅರ್ಜಿ ಹಾಕಿದವರದೇ ಆಗಿರಬೇಕು. ದೇವಿಕಾಳಿಗೆ ಆ ಲ್ಯಾಬೇ ಬೇಕಿತ್ತು. ಅಪ್ಪ ವಿಠೋಬಾ ಒಂದು ಮಾತು ಒಪ್ಪಿದ್ದ: "ನೋಡವಾ, ಅವ್ರು ಕರದ್ರ ಹೋಗು. ಕರೀಲಿಲ್ಲಂದ್ರ ಸಾಲಿ ಸೇರ್ಬೇಕು. ಮತ್ತ ಅಳಂಗಿಲ್ಲ."

ಪಾಠ ಮರುವಾರವೇ ಶುರುವಾಯಿತು, ಅದೂ ಫಿಲ್ಮ್ ಇಲ್ಲದೆ. ಖಾಲಿ ಕ್ಯಾಮೆರಾ ಹಿಡಿದು ಬಜಾರದಲ್ಲಿ ತಿರುಗುವುದೇ ಮೊದಲ ಪಾಠ. ಆತ್ಮಾರಾಮರ ಪ್ರಕಾರ ಹೊಸಬರ ರೋಗ ಒಂದೇ, ಕೈ ಆಡಿಸುವುದು. ಕಬ್ಬಿನ ಲಾರಿ ಬಂತೆಂದು ದೇವಿಕಾ ಅದರ ಹಿಂದೆಯೇ ಕ್ಯಾಮೆರಾ ತಿರುಗಿಸಿದಾಗ ಅವರು ಹಣೆ ಬಡಿದುಕೊಂಡರು.

"ಏನು ತೊಗರಿಗೆ ಔಷಧ ಹೊಡೀಲಿಕತ್ತೀಯೇನು? ಪಂಪಿನಂಗ ಆಡಸಬ್ಯಾಡ! ನೀ ನಿಂತಲ್ಲೇ ನಿಲ್ಲು. ಲಾರಿ ಬರ್ತದ, ಹೋಗ್ತದ. ಅದರ ಕೆಲಸ ಅದು ಮಾಡ್ತದ."

"ಎಷ್ಟೊತ್ತು ನಿಲ್ಲಬೇಕ್ರಿ?"

"ಚಹಾ ಗುಟುಕರಿಸಿ ಕಪ್ಪು ಕೆಳಗಿಡೋ ತನಕ. ಅದಕಿಂತ ಕಮ್ಮಿ ಆದ್ರ ನೋಡೋರಿಗಿ ಏನಂತ ತಿಳಿಯಂಗಿಲ್ಲ. ಜಾಸ್ತಿ ಆದ್ರ ರೀಲು ಖಲಾಸ್. ಮತ್ತ ಒಮ್ಮೆ ಗುಂಡಿ ಒತ್ತಿದ ಮ್ಯಾಲ ನಡುವ ಅಂಜಿ ಬಿಡಬ್ಯಾಡ. ಆಕಾಶ ಬಿದ್ರೂ ಬಿಡಬ್ಯಾಡ."

ಪ್ರತಿ ಶಾಟಿಗೂ ಮೊದಲು ಚಾವಿ ಪೂರ್ತಿ ಕೊಡು, ಅರ್ಧ ಚಾವಿಯಲ್ಲಿ ಕ್ಯಾಮೆರಾ ಸುಸ್ತಾಗುತ್ತದೆ. ಬಿಸಿಲನ್ನು ಬೆನ್ನಿಗಿಟ್ಟುಕೊ. ನಿನ್ನ ನೆರಳು ನೆಲದ ಮೇಲೆ ಗೆರೆ ಕೊರೆದ ಹಾಗಿದ್ದರೆ ಲೆನ್ಸಿನ ಕಣ್ಣು ಕಿರಿದು ಮಾಡು, ನೆರಳು ಮಬ್ಬಾದರೆ ಅಗಲ ಮಾಡು. ಮುಖದ ಹತ್ತಿರ ನುಗ್ಗಬೇಡ. ನೀನು ನೋಡುವ ಕಿಂಡಿ ಮೇಲಿದೆ, ಲೆನ್ಸು ಕೆಳಗಿದೆ, ನಿನಗೆ ತಲೆ ಕಾಣುತ್ತದೆ, ಫಿಲ್ಮಿಗೆ ಕುತ್ತಿಗೆಯಷ್ಟೇ ಕಾಣುತ್ತದೆ. ದೇವಿಕಾ ಎಲ್ಲವನ್ನೂ ಪರೀಕ್ಷೆಗೆ ಓದಿದಂತೆ ಕಲಿತಳು. ಬಸ್ಸಿನಲ್ಲಿ ಬಾಯಿಪಾಠ ಹೇಳಿಕೊಂಡು ಕೂತವಳನ್ನು ಕಂಡು ಪಕ್ಕದ ಮುದುಕಿ, ಪಾಪ ಹುಡುಗಿಗೆ ಏನೋ ಆಗಿದೆಯೆಂದು ಎದ್ದು ಬೇರೆ ಕಡೆ ಕೂತಿದ್ದೂ ಉಂಟು.

ಚಿತ್ರಕ್ಕೆ ಅವಳು ಆರಿಸಿದ್ದು ಕುರಿಗಳ ಉಣ್ಣೆ ಕತ್ತರಿಸುವ ದಿನವನ್ನು. ಆತ್ಮಾರಾಮರು ತಮ್ಮ ಮರದ ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು, ಕೊರಳಿಗೆ ಟವೆಲ್ ಸುತ್ತಿಕೊಂಡು ಬೆಳಗಿನ ಬಸ್ಸಿಗೇ ಹಳ್ಳಿಗೆ ಬಂದಿಳಿದರು. ದೊಡ್ಡ ಜಾಲಿ ಮರದ ಕೆಳಗೆ ವಿಠೋಬಾ ಮತ್ತು ಅವನ ಅಣ್ಣತಮ್ಮಂದಿರು ಕತ್ತರಿ ಮಸೆಯುತ್ತಿದ್ದರು. ಹಿಂದಿನ ದಿನ ಹಳ್ಳದಲ್ಲಿ ತೊಳೆದ ಹಿಂಡು ಆಚೆ ಬಯಲಿನಲ್ಲಿ ಮೇಯುತ್ತಿತ್ತು.

"ಎಷ್ಟೊತ್ತಿನ ಸಿನಿಮಾ ಬರ್ತದ್ರಿ ಫೋಟೊ ಸಾಹೇಬ್ರ?" ಎಂದ ವಿಠೋಬಾ.

"ಎಲ್ಲ ಸೇರಿ ನಾಕು ನಿಮಿಷ."

"ನಾಕು ನಿಮಿಷ? ನಮ್ಮ ಕುರಿ ಒಂದು ಮಗ್ಗಲ ಬೋಳಾಗೋದ್ರೊಳಗ ನಿಮ್ಮ ಸಿನಿಮಾ ಮುಗೀತದಲ್ರಿ!"

ರೀಲಿನ ಸ್ವಭಾವವೇ ಹಾಗಿತ್ತು. ಅಗಲವಾದ ಪಟ್ಟಿಯ ಒಂದು ಅಂಚಿನ ಮೇಲೆ ಮೊದಲು ಚಿತ್ರ ಬೀಳುತ್ತದೆ. ಅದು ಮುಗಿದ ಮೇಲೆ ಕ್ಯಾಮೆರಾ ತೆರೆದು ರೀಲನ್ನು ಮಗುಚಿ ಹಾಕಿದರೆ ಇನ್ನೊಂದು ಅಂಚು. ತೊಳೆದ ಮೇಲೆ ನಡುವೆ ಸೀಳಿ ಜೋಡಿಸುತ್ತಾರೆ. ಮಗುಚುವಾಗ ಬೆಳಕು ಬಿದ್ದರೆ ಎಲ್ಲ ಹೋಯಿತು.

ಮೊದಲ ಅಂಚು ಚೆನ್ನಾಗಿಯೇ ಸಾಗಿತು. ಮಸೆಯುವ ಕಲ್ಲು, ಹಳ್ಳ, ಕುರಿಯ ಕಾಲು ಕಟ್ಟುವ ಕೈ. ದೇವಿಕಾ ಒಮ್ಮೆಯೂ ಕ್ಯಾಮೆರಾ ಆಡಿಸಲಿಲ್ಲ. ಮಗುಚುವ ಹೊತ್ತಿಗೆ ಆತ್ಮಾರಾಮರು ಬೆಳಕು ತಾಗದಂತೆ ರೀಲು ಮಗುಚುವ ಕಪ್ಪು ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಬಂದದ್ದು ತಿಳಿಯಿತು.

"ಅದಕ್ಯಾಕ ಫಿಕರ್ ಮಾಡ್ತೀರಿ? ಅಜ್ಜಿ ಕಂಬಳಿ ಅದಲ್ರಿ" ಎಂದಳು ದೇವಿಕಾ.

ಅಜ್ಜಿ ಹಣಮಮ್ಮ ತನ್ನ ಕರಿ ಕಂಬಳಿಯನ್ನು ಇಬ್ಬರ ತಲೆಯ ಮೇಲೆ ಮುಸುಕು ಹಾಕಿದಳು. ಒಳಗೆ ಕಗ್ಗತ್ತಲೆ, ಕುರಿಯ ವಾಸನೆ, ಆತ್ಮಾರಾಮರ ಸೀನು. ಹೊರಗಿನಿಂದ ಅಜ್ಜಿ, "ಏ ಫೋಟೊದಂವಾ, ಒಳಗ ಏನು ಹೆರಿಗಿ ಮಾಡಸ್ಲಿಕತ್ತೀಯೇನು? ಜಲ್ದಿ ಬರ್ರಿ!" ಎಂದು ಕೂಗಿದಳು. ರೀಲು ಮಗುಚಿತು, ಮುಚ್ಚಳ ಕೂತಿತು. ಕಂಬಳಿಯ ಒಂದು ಉಣ್ಣೆಯ ಎಳೆಯೂ ಒಳಗೆ ಕೂತಿದ್ದು ಯಾರಿಗೂ ಗೊತ್ತಾಗಲಿಲ್ಲ.

ಕೊನೆಯ ಶಾಟು ಎಲ್ಲರೂ ಸಾಲಾಗಿ ಕೂತು ಕತ್ತರಿಸುವುದು. ದೇವಿಕಾ ಚಾವಿ ಪೂರ್ತಿ ಕೊಟ್ಟಳು. ಜನ ಸಣ್ಣಗೆ ಕಾಣುತ್ತಾರೆಂದು ಆತ್ಮಾರಾಮರು ಸ್ಟ್ಯಾಂಡನ್ನು ಇನ್ನೂ ಮುಂದಕ್ಕೆ, ಜಾಲಿಯ ಕೊಂಬೆಗಳ ಕೆಳಗೇ ತಂದರು. ಅದನ್ನು ಎತ್ತಿ ನಿಲ್ಲಿಸುವಾಗ ಅದರ ಒಂದು ಕಾಲು ಕೊಂಬೆಗೆ ತಗುಲಿ ನಾಲ್ಕಾರು ಜಾಲಿಕಾಯಿ ಉದುರಿದವು. ಯಾರೂ ಅದರತ್ತ ಲಕ್ಷ್ಯ ಕೊಡಲಿಲ್ಲ. ದೇವಿಕಾ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಬಿಗಿದು ಗುಂಡಿ ಒತ್ತಿದಳು.

ಅದೇ ಗಳಿಗೆಗೆ ಆತ್ಮಾರಾಮರ ಬಾಯಿಂದ, ಜೀವಮಾನವಿಡೀ ಪಾಸ್‌ಪೋರ್ಟ್ ಫೋಟೊ ತೆಗೆದ ಬಾಯಿಂದ, ತಾನಾಗಿಯೇ ಹೊರಬಿತ್ತು:

"ಕದಲಬ್ಯಾಡ್ರಿ!"

ಕತ್ತರಿಗಳೆಲ್ಲ ನಿಂತವು. ವಿಠೋಬಾ ಕತ್ತರಿ ಅಗಲಿಸಿಕೊಂಡು ಗದ್ದ ಎತ್ತಿ ಕೂತ. ಅಜ್ಜಿ ಉಣ್ಣೆಯ ಮುದ್ದೆಯನ್ನು ಎದೆಗವಚಿಕೊಂಡು ದೇವರ ಮೂರ್ತಿಯಾದಳು. ಇದು ಕೊನೆಯ ಶಾಟು, ರೀಲು ಓಡುತ್ತಿದೆ, ಮಂದಿ ಮಣ್ಣಿನ ಗೊಂಬೆಗಳಂತೆ ಕೂತಿದ್ದಾರೆ.

ಕದಲಿದ್ದು ಕುರಿಗಳು. ಕುರಿಯವರು ಕೊಕ್ಕೆ ಕಟ್ಟಿದ ಗಳವನ್ನು ಜಾಲಿಗೆ ಎತ್ತಿದರೆ ತಿನ್ನಲು ಕಾಯಿ ಉದುರುತ್ತದೆಂದು ಆ ಹಿಂಡಿಗೆ ಹುಟ್ಟಿನಿಂದ ಗೊತ್ತು. ಇಲ್ಲಿ ಒಂದಲ್ಲ, ಸ್ಟ್ಯಾಂಡಿನ ಕಾಲುಗಳೆಂಬ ಮೂರು ಗಳ ಒಟ್ಟಿಗೆ ಎದ್ದು ನಿಂತಿವೆ, ಕಾಯಿಯೂ ಬಿದ್ದಿದೆ. ಬಯಲಿನಿಂದ ಇಡೀ ಹಿಂಡು ಸ್ಟ್ಯಾಂಡಿನ ಮೇಲೆ ಬಂತು.

"ಏಯ್! ಹಚ್! ಹಚ್!" ಎಂದು ಆತ್ಮಾರಾಮರು ಕೈ ಬೀಸಿ ಅಡ್ಡ ಹೋದರು. ಒಂದು ಟಗರು ಅವರ ಮೊಣಕಾಲಿನ ಹಿಂದೆ ಹಾದಾಗ ಕಾಲು ಮೇಲಾಗಿ ಬಿದ್ದರು. "ವಿಠೋಬಾ, ಹಿಡೀರೋ! ನನ್ನ ತುಳೀತಾವೋ!"

ವಿಠೋಬಾ ತುಟಿ ಅಲುಗಿಸದೆ, ಗದ್ದ ಇಳಿಸದೆ, ಹಲ್ಲಿನ ಸಂದಿಯಿಂದ ಹೇಳಿದ: "ನೀವೇ ಕದಲಬ್ಯಾಡ ಅಂದೀರಿ. ಸಿನಿಮಾ ಖರಾಬ್ ಆಗ್ತದ."

"ಎಲೋ, ಎದ್ದು ಬರೋ!"

"ಮೊದಲ ಅಕಿ ಬಂದ್ ಮಾಡ್ಲಿ."

ದೇವಿಕಾ ಬಂದ್ ಮಾಡಲಿಲ್ಲ. ಸ್ಟ್ಯಾಂಡು ವಾಲಿದಾಗ ಕ್ಯಾಮೆರಾ ಸಮೇತ ತಬ್ಬಿಕೊಂಡಳು. ಕಾಲಿನ ಸುತ್ತ ಕುರಿ ನುಗ್ಗುತ್ತಿದ್ದರೂ ಗುಂಡಿಯ ಮೇಲಿನ ಬೆರಳು ತೆಗೆಯಲಿಲ್ಲ. ಚಾವಿ ತೀರಿ ಗುರ್ರ್ ನಿಲ್ಲುವವರೆಗೂ ತೆಗೆಯಲಿಲ್ಲ. ಅದು ನಿಂತ ಮೇಲೆಯೇ ಮಂದಿ ನಕ್ಕು, ಎದ್ದು, ಕುರಿ ಓಡಿಸಿ, ಫೋಟೊ ಸಾಹೇಬರನ್ನು ಎತ್ತಿ ನಿಲ್ಲಿಸಿದ್ದು.

ಸಂಜೆಯ ಬಸ್ಸಿಗೆ ಕಾಯುವಾಗ ಆತ್ಮಾರಾಮರು ತಲೆ ಎತ್ತಲಿಲ್ಲ. "ಬೇಟಾ, ನಿನ್ನ ರೀಲು ನಾನೇ ಖರಾಬ್ ಮಾಡಿದೆ" ಎಂದರು. ದೇವಿಕಾಳಿಗೂ ಹಾಗೆಯೇ ಅನ್ನಿಸಿತ್ತು. ಬೇರೆ ರೀಲು ತರಿಸಿ ತೆಗೆಯಲು ದಿನಗಳಿರಲಿಲ್ಲ, ಕತ್ತರಿಸಿದ ಉಣ್ಣೆಯನ್ನು ಕುರಿಗೆ ಮತ್ತೆ ಅಂಟಿಸುವಂತೆಯೂ ಇರಲಿಲ್ಲ. ಇದ್ದದ್ದನ್ನೇ ಕಳಿಸಿದಳು.

ಚಿತ್ರ ತೋರಿಸುವ ದಿನ ಹೈದರಾಬಾದಿಗೆ ದೇವಿಕಾ, ವಿಠೋಬಾ, ಆತ್ಮಾರಾಮರು ಮೂವರೂ ಹೋದರು. ವಿಠೋಬಾ ಹೊಸ ಪಂಚೆ ಉಟ್ಟಿದ್ದ. ದೇವಿಕಾ ತನ್ನ ಚಿತ್ರವನ್ನು ಮೊದಲ ಸಲ ನೋಡುತ್ತಿದ್ದಳು, ಎಲ್ಲರ ಜೊತೆಗೇ. ಮೊದಲ ಅರ್ಧಕ್ಕೆ ಸಭೆ ಸುಮ್ಮನಿತ್ತು. ಎರಡನೇ ಅರ್ಧ ಶುರುವಾದಾಗ ಪರದೆಯ ಅಂಚಿನಲ್ಲಿ ಕಪ್ಪು ಹುಳದಂಥದ್ದೊಂದು ಕುಣಿಯತೊಡಗಿತು. ಕಂಬಳಿಯ ಎಳೆ. ಯಾರೋ ಕಿಸಕ್ಕೆಂದರು. ಆಮೇಲೆ ಆ ಕೊನೆಯ ಶಾಟು. ಮನುಷ್ಯರೆಲ್ಲ ಕಲ್ಲು, ಕುರಿಗಳೆಲ್ಲ ಪ್ರವಾಹ, ನಡುವೆ ಎರಡು ಚಪ್ಪಲಿ ಕಾಲು ಆಕಾಶ ನೋಡುತ್ತಿವೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಕತ್ತಲಲ್ಲಿ ವಿಠೋಬಾನ ದನಿ ಎಲ್ಲರಿಗೂ ಕೇಳಿಸಿತು: "ಅದು ನಮ್ಮ ಕರಿಕಿವಿ. ಅದರ ಹಿಂದಿನದು ಕುಂಟಿ. ನೋಡ್ರಿ, ನೋಡ್ರಿ, ಕರಿಕಿವಿ ಕಾಕಾನ ಟವೆಲ್ ತಿಂತು!"

ದೇವಿಕಾ ಕುರ್ಚಿಯಲ್ಲಿ ಕುಗ್ಗಿದಳು. ನಾರಾಯಣಖೇಡದ ಶಾಲೆಯ ಗಂಟೆ ಅವಳ ಕಿವಿಯಲ್ಲಿ ಬಾರಿಸಿತು.

ದೀಪ ಹತ್ತಿದ ಮೇಲೆ ಕೂಟ ನಡೆಸುವ ಶಿರೀಷಾ ತೆಲುಗಿನಲ್ಲಿ ಕೇಳಿದರು: "ಮನುಷ್ಯರು ನಿಂತು, ಪ್ರಾಣಿಗಳು ಮಾತ್ರ ಓಡುವ ಹಾಗೆ ಮಾಡಿದ್ದೀರಿ. ಯಾರ ಯೋಚನೆ?"

ದೇವಿಕಾ ಬಾಯಿ ತೆರೆಯುವ ಮೊದಲೇ ಆತ್ಮಾರಾಮರು ಎದ್ದು ನಿಂತಿದ್ದರು. ಹೊಗಳಿಕೆ ಕಿವಿಗೆ ಬಿದ್ದಾಗ ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. "ನಾನೇರಿ ನಿಲ್ಲಿಸಿದ್ದು! ಒಂದೇ ಮಾತಿಗೆ ಎಲ್ಲರನೂ ನಿಲ್ಲಿಸಿದೆ" ಎಂದರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ.

ಶಿರೀಷಾರ ಮುಖ ಗಂಭೀರವಾಯಿತು. "ಹಾಗಾದರೆ ಕಷ್ಟ. ಚಿತ್ರ ಅರ್ಜಿ ಹಾಕಿದವರದೇ ಆಗಿರಬೇಕೆಂದು ಹೇಳಿದ್ದೆವು. ಇದು ನಿಮ್ಮದೋ, ಇವರದೋ?"

ಆತ್ಮಾರಾಮರು ದೇವಿಕಾಳನ್ನು ನೋಡಿದರು. ಅವಳ ಮುಖ ಬಿಳಿಚಿತ್ತು. ವಿಠೋಬಾ ಅವರ ಅಂಗಿ ಜಗ್ಗಿ, "ಕೂಡ್ರಿ ಕಾಕಾ, ಸಾಕು" ಎಂದು ಪಿಸುಗುಟ್ಟಿದ. ಅವರು ಕೂರಲಿಲ್ಲ. ತೆಲುಗಿನಲ್ಲಿ, ಒಂದೊಂದೇ ಮಾತು ಆರಿಸಿ ಹೇಳಿದರು:

"ಅಮ್ಮಾ, ಪರದೆಯ ಮೇಲೆ ಎರಡು ಕಾಲು ಕಂಡವಲ್ಲ, ಅವು ನನ್ನವು. ನಾನು ಕುರಿಯ ಕೆಳಗೆ ಬಿದ್ದು ಬೊಬ್ಬೆ ಹೊಡೆಯುತ್ತಿದ್ದೆ. ಕದಲಬೇಡಿ ಎಂದದ್ದು ಯೋಚನೆಯಲ್ಲ, ನನ್ನ ಬಾಯಿಯ ಚಟ. ಮದುವೆ ಮನೆಯಲ್ಲಿ ಊಟಕ್ಕೆ ಕೂತವರಿಗೂ ಹೇಳಿಬಿಡುತ್ತೇನೆ. ಆ ಹೊತ್ತಿನಲ್ಲಿ ಕ್ಯಾಮೆರಾ ಇದ್ದದ್ದು ಇವಳ ಕೈಯಲ್ಲಿ. ನಾನಾಗಿದ್ದರೆ ಗುಂಡಿ ಬಿಟ್ಟು ಓಡುತ್ತಿದ್ದೆ."

ಸಭೆ ಇನ್ನೊಮ್ಮೆ ನಕ್ಕಿತು. ಈ ಸಲ ಶಿರೀಷಾ ಕೂಡ. ಅವರು ತಮ್ಮ ಮೂವರು ಜೊತೆಗಾರರ ಕಡೆ ವಾಲಿ ಏನೋ ಮಾತಾಡಿ, ದೇವಿಕಾಳಿಗೆ ಒಂದೇ ಪ್ರಶ್ನೆ ಕೇಳಿದರು. "ಅಷ್ಟೆಲ್ಲ ಆದರೂ ಬೆರಳು ಏಕೆ ತೆಗೆಯಲಿಲ್ಲ?"

"ಆಕಾಶ ಬಿದ್ದರೂ ತೆಗೆಯಬೇಡ ಅಂತ ಕಾಕಾ ಅಂದಿದ್ದರು ಮೇಡಂ" ಎಂದಳು ದೇವಿಕಾ. "ಬಿದ್ದದ್ದು ಕುರಿ ಮಾತ್ರ."

ಆಯ್ಕೆಯಾದವರಲ್ಲಿ ಅವಳ ಹೆಸರನ್ನು ಅಲ್ಲೇ ಓದಿದರು. ಜೊತೆಗೆ, ಲ್ಯಾಬಿಗೆ ಬರುವಾಗ ಕಂಬಳಿ ತರಬಾರದೆಂದೂ ಹೇಳಿದರು.

ವಾಪಸು ಬಸ್ಸಿನಲ್ಲಿ ವಿಠೋಬಾ ಕೇಳಿದ: "ಕಾಕಾ, ಟವೆಲ್ ಕರಿಕಿವಿ ತಿಂದದ್ದು ಖರೆ. ಹೊಸಾದು ಕೊಡಸ್ಲಾ?"

"ಬ್ಯಾಡ. ಆ ಕುರಿದು ಒಂದು ಫೋಟೊ ತೆಗಿಯಾಕ ಬಿಡು, ಅಂಗಡ್ಯಾಗ ಹಚ್ಚತೀನಿ" ಎಂದರು ಆತ್ಮಾರಾಮರು.

ದೇವಿಕಾ ಈಗ ಹೈದರಾಬಾದಿನ ಆ ಲ್ಯಾಬಿನಲ್ಲಿ ಫಿಲ್ಮ್ ತೊಳೆಯುವ ಕೆಲಸದಲ್ಲಿದ್ದಾಳೆ. ಆತ್ಮಾರಾಮರು ಜಹೀರಾಬಾದಿನ ಅದೇ ಮಹಡಿಯ ಅಂಗಡಿ ನಡೆಸುತ್ತಾರೆ. ವಾರದ ದಿನಗಳಲ್ಲಿ ಪಾಸ್‌ಪೋರ್ಟ್ ಫೋಟೊ, ಪರೀಕ್ಷೆ ಅರ್ಜಿಯ ಫೋಟೊ ತೆಗೆಯುತ್ತಾರೆ. ಭಾನುವಾರ ಬೀಗ ಹಾಕಿ ತಾಂಡೂರಿನ ತಂಗಿಯ ಊರಿಗೆ ಹೋಗಿ, ಗಣಿಯಲ್ಲಿ ಕಲ್ಲು ಚಪ್ಪಡಿ ಕೊಯ್ಯುವವರನ್ನು ಎಂಟು ಎಂಎಂ ಕ್ಯಾಮೆರಾದಲ್ಲಿ ತೆಗೆಯುತ್ತಾರೆ.