ಸೂಜಿ ಕಾಲುವೆಯ ಭರ್ಜಿ

ಪಾಳ್ಯದಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ, ಹಲಸಿನ ಮರದ ಬುಡದಲ್ಲಿ ಭೂತಮ್ಮನ ಹೋಟೆಲು. ಎರಡು ಬೆಂಚು, ಒಂದು ಒಲೆ, ಮಳೆ ಬಂದರೆ ಒಳಗು ಯಾವುದು ಹೊರಗು ಯಾವುದು ಎಂದು ಗೊತ್ತಾಗದಂಥ ಹುಲ್ಲಿನ ಮಾಡು. ಬೆಳಿಗ್ಗೆ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ಇದರ ಜೊತೆಗೆ ಯಾರೂ ಕೇಳದಿದ್ದರೂ ಬಡಿಸುತ್ತಿದ್ದದ್ದು ಕುದುರೆ ದಂಡಿನ ಕಥೆ.

ಭೂತಮ್ಮನ ತಾತ ಜವರಯ್ಯ ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವನು. ಮೈಸೂರು, ಹೈದರಾಬಾದು, ಜೋಧಪುರ ಸಂಸ್ಥಾನಗಳ ಕುದುರೆ ದಂಡುಗಳನ್ನು ಸೇರಿಸಿ ಬ್ರಿಟಿಷರು ಒಂದು ಬ್ರಿಗೇಡ್ ಕಟ್ಟಿ, ಹಡಗು ಹತ್ತಿಸಿ, ಸೂಯೆಜ್ ಕಾಲುವೆಯನ್ನು ಕಾಯಲು ಕಳಿಸಿದ್ದರು. ಭೂತಮ್ಮನ ಬಾಯಲ್ಲಿ ಅದು ಸೂಜಿ ಕಾಲುವೆ.

"ಸೂಜಿ ಥರಾ ನೆಟ್ಟಗೈತಂತೆ ಕಣ್ರೀ. ಈ ದಡ ನಮ್ದು, ಆ ಕಡೆ ಮರಳು ದಾಟಿ ಬರೋರು ಟರ್ಕಿಯೋರು. ಮಧ್ಯೆ ಹಡಗು ಹೋಗ್ತಾವೆ, ದಡದ ಮೇಲೆ ನಮ್ ಮೈಸೂರ್ ಕುದ್ರೆ ಓಡಾಡ್ತಾವೆ. ಒಂದ್ ಸೊಳ್ಳೆ ದಾಟ್ಬೇಕಾದ್ರೂ ನಮ್ಮೋರ್ನ ಕೇಳ್ಬೇಕು."

ಊರಿನವರು ಜವರಯ್ಯನನ್ನು ಸವಾರ್ ಜವರಯ್ಯ ಎಂದೇ ಕರೆಯುತ್ತಿದ್ದರು. ಮೊಮ್ಮಗಳು ಮಾತ್ರ ಹಾಗೆ ಎಂದೂ ಹೇಳುತ್ತಿರಲಿಲ್ಲ. "ನಮ್ ತಾತ ಕುದ್ರೆ ದಂಡಲ್ಲಿದ್ದ" ಎನ್ನುತ್ತಿದ್ದಳು, ಅಷ್ಟೇ. ಕೇಳಿದವರು ತಾತನನ್ನು ತಾವೇ ಎತ್ತಿ ಕುದುರೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು.

ತೊಂಬತ್ತೈದರ ಬೇಸಿಗೆಯಲ್ಲಿ ನಟರಾಜ್ ಗೌಡ ಅಲ್ಲಿ ಜೀಪು ನಿಲ್ಲಿಸಿ ರೊಟ್ಟಿಗೆ ಕೂತ. ಹೆತ್ತೂರಿನ ಕಡೆ ಅವನ ಕಾಫಿ ಎಸ್ಟೇಟು. ಆ ವರ್ಷ ಹೊಸ ಬಂಗಲೆ ಕಟ್ಟಿಸಿದ್ದ. ಹಾಲ್‌ನ ಗೋಡೆ ಬಹಳ ಎತ್ತರವಾಗಿಬಿಟ್ಟಿತ್ತು, ತೂಗುಹಾಕಲು ಘನವಾದದ್ದು ಏನೂ ಇರಲಿಲ್ಲ. ಹಳೆಯ ಗಡಿಯಾರ, ಹಳೆಯ ದೀಪ ಎಂದು ಕಂಡಲ್ಲೆಲ್ಲ ಕೈ ಹಾಕುತ್ತಿದ್ದ. ಕುದುರೆ ದಂಡಿನ ಕಥೆ ಕೇಳುತ್ತ ಕೇಳುತ್ತ ಅವನ ಕಣ್ಣು ಮರಕ್ಕೆ ಒರಗಿಸಿದ್ದ ಉದ್ದನೆಯ ಬಿದಿರಿನ ಮೇಲೆ ಬಿತ್ತು.

"ಅದೇನು ಭೂತಮ್ಮ?"

"ನಮ್ ತಾತನ ಕಾಲದ್ದು ಗೌಡ್ರೇ."

ಅದು ಹಲಸಿನಕಾಯಿ ಕೀಳುವ ಗಳ. ತಾತನ ಕಾಲದ್ದು ಎನ್ನುವುದು ನಿಜವೇ. ಒಲೆಯ ಹೊಗೆ ಕುಡಿದು, ಎಷ್ಟೋ ಕೈಗಳಲ್ಲಿ ಸವೆದು, ಕಪ್ಪಗೆ ಮಿರುಗುತ್ತಿತ್ತು.

"ಅಂದ್ರೆ, ಯುದ್ಧಕ್ಕೆ ಹೋಗಿ ಬಂದಿದ್ದು!"

ಭೂತಮ್ಮ ರೊಟ್ಟಿ ಮಗುಚಿದಳು.

"ಭರ್ಜಿ ಕಣೇ ಇದು! ಕುದುರೆ ಸವಾರರು ಹಿಡ್ಕೊಳ್ಳೋ ಭರ್ಜಿ!"

"ಚಟ್ನಿ ಹಾಕ್ಲಾ ಗೌಡ್ರೇ?"

"ತುದಿ ಎಲ್ಲಿ? ಕಬ್ಬಿಣದ ತುದಿ ಇರ್ಬೇಕಲ್ಲ?"

ಗಳದ ತುದಿಗೆ ಕಟ್ಟುತ್ತಿದ್ದ ಕುಡುಗೋಲು ಆ ದಿನ ಆಲೂರಿನಲ್ಲಿತ್ತು. "ತುದೀದು ನಜೀರನ್ ಹತ್ರ ಐತೆ. ಸಾಣೆಗೆ ಕೊಟ್ಟೀನಿ" ಎಂದಳು. ಅದೂ ನಿಜವೇ.

ನಟರಾಜ್ ರೊಟ್ಟಿಯ ತಟ್ಟೆ ಪಕ್ಕಕ್ಕೆ ತಳ್ಳಿದ. "ನನಗೆ ಕೊಟ್ಬಿಡು. ಏನ್ ಬೇಕು ಕೇಳು."

ಭೂತಮ್ಮ ತಲೆಯೆತ್ತಿ ಮಾಡು ನೋಡಿದಳು. "ನಿಮ್ ಸ್ಟೋರ್ ಹಿಂದೆ ಹಳೇ ಹೆಂಚು ಸುಮ್ನೆ ಬಿದ್ದಾವಂತಲ್ಲ."

ಮಾರನೆಯ ದಿನವೇ ಅವಳು ಆಲೂರಿಗೆ ಹೋದಳು. ನಜೀರ್ ಅಲ್ಲಿ ಲಾರಿಗಳ ಸ್ಪ್ರಿಂಗ್ ಪಟ್ಟಿ ರಿಪೇರಿ ಮಾಡುತ್ತಿದ್ದ. ಹಳ್ಳಿಯವರ ಕುಡುಗೋಲು, ಮಚ್ಚುಗಳಿಗೂ ಸಾಣೆ ಹಿಡಿದುಕೊಡುತ್ತಿದ್ದ.

"ನಜೀರ, ಕುಡ್ಗೋಲು ಹಂಗಿರ್ಲಿ. ಒಂದು ಭರ್ಜಿ ತುದಿ ಮಾಡ್ಕೊಡು."

"ಯಾರ್ ಮೇಲೆ ಯುದ್ಧ ಭೂತಮ್ಮಕ್ಕ?"

"ಯುದ್ಧ ಯಾವತ್ತೋ ಮುಗ್ದೈತೆ ಮಾರಾಯ. ಇದು ಗೋಡೆಗೆ."

ನಜೀರ್‌ಗೆ ವಿಷಯ ತಿಳಿದ ಮೇಲೆ ಅವನು ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬಹಳ ಶ್ರದ್ಧೆಯಿಂದ ಕೆಲಸಕ್ಕೆ ಇಳಿದ. ಮುರಿದ ಸ್ಪ್ರಿಂಗ್ ಪಟ್ಟಿಯ ತುಂಡೊಂದನ್ನು ಕೆಂಪಗೆ ಕಾಯಿಸಿ, ವೀಳ್ಯದೆಲೆಯ ತುದಿಯ ಹಾಗೆ ಬಡಿದು ಚೂಪು ಮಾಡಿದ. ಉಪ್ಪು, ಹುಣಸೆಹಣ್ಣು ಸವರಿ ಗೊಬ್ಬರದ ಗುಂಡಿಯಲ್ಲಿ ಹೂತಿಟ್ಟ. ತೆಗೆದಾಗ ಅದಕ್ಕೆ ನೂರು ವರ್ಷ ವಯಸ್ಸಾಗಿತ್ತು.

ಹೆಂಚು ಬಂತು, ಭರ್ಜಿ ಹೋಯಿತು.

ಬಂಗಲೆಯಲ್ಲಿ ನಟರಾಜ್ ಭೂತಗನ್ನಡಿ ಹಿಡಿದು ಆ ತುದಿಯನ್ನು ಇಂಚಿಂಚಾಗಿ ನೋಡಿದ. ಬುಡದಲ್ಲಿ ಎಫ್ ಎಂಬ ಅಕ್ಷರ, ಪಕ್ಕದಲ್ಲಿ ಎರಡು ಎಂಬ ಅಂಕಿ ಅಚ್ಚೊತ್ತಿತ್ತು. ಆ ರಾತ್ರಿ ಅವನಿಗೆ ಸಂತೋಷಕ್ಕೆ ನಿದ್ದೆ ಬರಲಿಲ್ಲ. ಬಂದ ಬೀಗರಿಗೆ, ಬ್ಯಾಂಕಿನ ಮ್ಯಾನೇಜರಿಗೆ, ಕಾಫಿ ಕೊಳ್ಳಲು ಬಂದವರಿಗೆ ಎಲ್ಲರಿಗೂ ತೋರಿಸುತ್ತಿದ್ದ. "ಎಫ್ ಅಂದ್ರೆ ಫ್ರಾಂಟಿಯರ್. ಎರಡು ಅಂದ್ರೆ ಎರಡನೇ ತುಕಡಿ. ಗಡಿ ಕಾಯೋ ಬ್ರಿಗೇಡಿಗೆ ಮಾತ್ರ ಈ ಗುರುತು ಹಾಕ್ತಿದ್ರು." ಹೇಳುತ್ತ ಹೇಳುತ್ತ ಅವನೇ ಅದನ್ನು ನಂಬಿದ.

ಮುಂದಿನ ವರ್ಷ ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಎಸ್ಟೇಟ್ ಲಾರಿಯ ಸ್ಪ್ರಿಂಗ್ ಮುರಿಯಿತು. ಡ್ರೈವರ್ ಹೊಸ ಪಟ್ಟಿಗಳನ್ನು ಅಂಗಳದಲ್ಲಿ ಸಾಲಾಗಿ ಜೋಡಿಸಿದ್ದ. ಹಲ್ಲುಜ್ಜುತ್ತ ಆ ಕಡೆ ಬಂದ ನಟರಾಜ್ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನಿಂತುಬಿಟ್ಟ. ಪ್ರತಿ ಪಟ್ಟಿಯ ಮೇಲೂ ಅದೇ ಅಕ್ಷರ. ಎಫ್ ಒಂದು, ಎಫ್ ಎರಡು, ಎಫ್ ಮೂರು.

"ಫ್ರಂಟ್ ಎರಡ್ನೇ ಪಟ್ಟಿ ಸಾರ್" ಎಂದ ಡ್ರೈವರ್, "ಯಾವಾಗ್ಲೂ ಇದೇ ಮುರಿಯೋದು."

ಬಾಯಿ ಮುಕ್ಕಳಿಸಿದವನೇ ನಟರಾಜ್ ಜೀಪು ಹತ್ತಿ ಪಾಳ್ಯಕ್ಕೆ ಬಂದ.

"ಏನೇ, ನನಗೆ ಲಾರಿ ಸ್ಪ್ರಿಂಗ್ ಕಟ್ಟಿ ಕಳಿಸಿದ್ದೀಯಾ?"

ಭೂತಮ್ಮ ಸಮಾಧಾನವಾಗಿ ಒಲೆ ಊದಿದಳು. "ಕೂತ್ಕಳಿ. ಗಳಾನ ಭರ್ಜಿ ಅಂದೋರು ಯಾರು?"

"ನಾನು."

"ಯುದ್ಧಕ್ಕೆ ಹೋಗಿದ್ದು ಅಂದೋರು?"

"ನಾನೇ. ಆದ್ರೆ..."

"ಪ್ರಶ್ನೇನೂ ನೀವೇ ಕೇಳಿ ಉತ್ರಾನೂ ನೀವೇ ಕೊಟ್ಕಂಡ್ರೆ ನಾನ್ ಮಧ್ಯೆ ಬಾಯ್ ಹಾಕಾಕಾಯ್ತದಾ? ಬೇಕಾದ್ರೆ ಹೆಂಚು ಇಳಿಸ್ಕೊಡ್ತೀನಿ, ತಗಂಡೋಗಿ. ಯಾಕೆ ಇಳಿಸ್ದೆ ಅಂತ ಜನ ಕೇಳ್ತಾರೆ. ಅವ್ರಿಗೆ ಮಾತ್ರ ನೀವೇ ಹೇಳ್ಬೇಕು."

ನಟರಾಜ್ ಹೆಂಚು ನೋಡಿದ. ಬೀಗರು, ಬ್ಯಾಂಕಿನ ಮ್ಯಾನೇಜರು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಬೆಂಚಿನ ಮೇಲೆ ಕುಸಿದು ಕೂತು ಎರಡು ರೊಟ್ಟಿ ತಿಂದ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನ ಮುಖದಲ್ಲಿ ಏನೋ ಬೇರೆ ಬೆಳಕು.

"ಭೂತಮ್ಮ, ಇನ್ನೊಂದು ಮಾಡೋಕಾಗ್ತದಾ?"

"ಯಾರ್ಗೆ?"

"ಮೋಹನ್‌ಗೆ."

ಮೋಹನ್ ಸಕಲೇಶಪುರದ ಕಡೆಯ ಪ್ಲಾಂಟರು, ನಟರಾಜನ ಜೊತೆ ಓದಿದವನು. ನಟರಾಜ್ ಜೀಪು ಕೊಂಡರೆ ಮೋಹನ್ ಅದಕ್ಕಿಂತ ದೊಡ್ಡ ಜೀಪು ಕೊಳ್ಳುತ್ತಿದ್ದ. ಭರ್ಜಿ ನೋಡಿ ಹೋದಂದಿನಿಂದ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ.

"ಒಬ್ಬನೇ ಬೆಪ್ಪನಾಗಿರೋಕೆ ಬೇಜಾರು ಕಣೇ" ಎಂದ ನಟರಾಜ್.

ಭೂತಮ್ಮ ಖಾಲಿ ಹಾಲಿನ ಪಾತ್ರೆ ಬಗ್ಗಿಸಿ ತೋರಿಸಿದಳು. "ಹೋಟ್ಲಿಗೆ ಹಾಲು ಸಾಲ್ತಿಲ್ಲ. ಒಂದು ಗಬ್ಬದ ಹಸ ಇದ್ದಿದ್ರೆ ಚೆನ್ನಾಗಿತ್ತು."

ನಟರಾಜ್ ಕಿವಿಗೆ ಹಾಕಿದ ಮಾತು ಕೇಳಿ ಮೋಹನ್ ಅದೇ ವಾರ ಬಂದ. ಹೊಸದಾಗಿ ಹೊಗೆ ಹಿಡಿಸಿದ್ದ ಬಿದಿರೊಂದು ಒಲೆಯ ಹಿಂದೆ ನಿಂತಿತ್ತು. ಭೂತಮ್ಮ ತುಟಿ ಬಿಚ್ಚಬೇಕಾಗಲೇ ಇಲ್ಲ. "ಒಂದು ಮುರಿದ್ರೆ ಇರ್ಲಿ ಅಂತ ಸವಾರರು ಇನ್ನೊಂದು ಭರ್ಜಿ ಇಟ್ಕೊಂಡಿರ್ತಿದ್ರು, ಅಲ್ವಾ?" ಎಂದು ಮೋಹನನೇ ಕೇಳಿದ.

"ನೀವು ಓದ್ದೋರು ಗೌಡ್ರೇ, ನಿಮಗ್ ತಿಳೀದಿದ್ದಾ" ಎಂದಳು.

ಈ ಸಲ ನಜೀರ್ ಅಕ್ಷರ, ಅಂಕಿ ಎಲ್ಲವನ್ನೂ ಉಜ್ಜಿ ತೆಗೆದ. ಹಸು ಬಂತು.

ತೊಂಬತ್ತೇಳರ ಆಗಸ್ಟ್. ಸ್ವಾತಂತ್ರ್ಯಕ್ಕೆ ಐವತ್ತು ವರ್ಷ. ಪ್ಲಾಂಟರುಗಳ ಕ್ಲಬ್ಬೊಂದರಲ್ಲಿ ಮಧ್ಯಾಹ್ನದ ಸಮಾರಂಭ. ಕಾರ್ಯದರ್ಶಿ ಮೋಹನ್. ಭರ್ಜಿಗೆ ಮೂರು ಬಣ್ಣದ ರಿಬ್ಬನ್ ಕಟ್ಟಿ ವೇದಿಕೆಯಲ್ಲಿ ನಿಲ್ಲಿಸಿದ್ದ. ಗಡಿ ಕಾಯ್ದ ವೀರನ ಮೊಮ್ಮಗಳು ಬಂದು ಮಾತಾಡಬೇಕೆಂದು ಭೂತಮ್ಮನಿಗೆ ಹೇಳಿಕಳಿಸಿದ್ದ. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ನಜೀರ್ ಗೊತ್ತುಮಾಡಿದ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಅವಳು ಬಂದಳು. ನಜೀರನೂ ತಮಾಷೆ ತಪ್ಪಿಸಿಕೊಳ್ಳಬಾರದೆಂದು ಜೊತೆಗೆ ಬಂದ. ಮುಂದಿನ ಸಾಲಿನಲ್ಲಿ ನಟರಾಜ್ ಆಗಲೇ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕೂತಿದ್ದ.

ಮೋಹನ್ ಮೈಕಿನ ಮುಂದೆ ನಿಂತು ಬ್ರಿಗೇಡಿನ ಚರಿತ್ರೆಯನ್ನು ಗುಡುಗಿದ. ಕೊನೆಗೆ ಭರ್ಜಿಯ ಕಡೆ ಕೈ ತೋರಿಸಿ, "ಇದೇ ಭರ್ಜಿಯಿಂದ ಎಷ್ಟು ಶತ್ರುಗಳು ಸತ್ತರೋ! ಹೇಳಮ್ಮ, ನಿಮ್ಮ ತಾತ ಎಷ್ಟು ಜನರನ್ನು ಕೊಂದರು?" ಎಂದ. ಜೋರಾಗಿ ಚಪ್ಪಾಳೆ.

ಭೂತಮ್ಮ ಮೈಕಿನ ಮುಂದೆ ಬಂದಳು. ಇಲ್ಲೂ ಚಟ್ನಿ ಹಾಕ್ಲಾ ಎನ್ನುವಂಥ ಒಂದು ಮಾತು ಹೇಳಿ ಜಾರಿಕೊಳ್ಳಬಹುದು ಎಂದುಕೊಂಡೇ ಬಂದಿದ್ದಳು. ಆದರೆ ಕೊಂದದ್ದಕ್ಕೆ ಜನ ಚಪ್ಪಾಳೆ ತಟ್ಟುವುದನ್ನು ಕೇಳಿ ಅವಳಿಗೆ ತಾತನ ಮುಖ ನೆನಪಾಯಿತು. ಇರುವೆ ಸಾಲು ಕಂಡರೆ ಕಾಲು ಎತ್ತಿಡುತ್ತಿದ್ದ ಮುದುಕ. ಜಾರುವ ಮಾತು ಬಾಯಿಗೆ ಬರಲಿಲ್ಲ.

"ನಮ್ ತಾತ ಯಾರ್ನೂ ಕೊಂದಿಲ್ಲ" ಎಂದಳು. "ಅವನು ಸವಾರ ಅಲ್ಲ. ದಂಡಿನ ಕುದ್ರೆಗಳಿಗೆ ಹುಲ್ಲು ಕುಯ್ಯೋನು."

ಮೋಹನನ ಕೈ ಇನ್ನೂ ಭರ್ಜಿಯ ಕಡೆಗೇ ಇತ್ತು.

"ಹೆದ್ರಬೇಡಿ, ದಂಡಲ್ಲಿ ಅದೂ ಒಂದು ಕೆಲ್ಸಾನೇ. ಕುಡ್ಗೋಲು ಸೊಂಟಕ್ಕೆ ಸಿಕ್ಕಿಸ್ಕಂಡು ಹಡಗಿಳ್ದು ನೋಡ್ತಾನೆ, ಕಣ್ಣು ಹಾಯೋಗಂಟ ಮರಳು! ಹುಲ್ಲು ಕುಯ್ಯೋನ್ನ ಹುಲ್ಲೇ ಇಲ್ದಿರೋ ದೇಶಕ್ಕೆ ಕರ್ಕಂಡ್ ಹೋಗ್ಬುಟ್ಟವ್ರೆ!"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ.

ಭೂತಮ್ಮ ಮೈಕು ಮರೆತಳು, ಬೆಂಚಿನ ಮೇಲಿನ ಗಿರಾಕಿಗಳಿಗೆ ಹೇಳುವ ಹಾಗೆ ಹೇಳಿದಳು. ಹುಲ್ಲು ಹಡಗಿನಲ್ಲಿ ಮರದ ದಿಮ್ಮಿಯಂಥ ಗಟ್ಟಿ ಕಟ್ಟುಗಳಾಗಿ ಬರುತ್ತಿತ್ತು. ಜವರಯ್ಯ ಅದನ್ನು ಬಿಡಿಸಿ, ಮರಳು ಒದರಿ ಹಾಕುತ್ತಿದ್ದ. ಮರಳು ತಿಂದ ಕುದುರೆಗೆ ಹೊಟ್ಟೆನೋವು ಬಂದರೆ ಮಲಗಲು ಬಿಡದೆ ಕಾಲುವೆಯ ದಡದಲ್ಲಿ ನಡೆಸುತ್ತಿದ್ದ. ಅವುಗಳಲ್ಲಿ ಒಂದಕ್ಕೆ ದಂಡಿನ ಬಿಳಿ ದೊರೆ ಏನೋ ಇಂಗ್ಲಿಷ್ ಹೆಸರಿಟ್ಟಿದ್ದ. ಜವರಯ್ಯ ಕೆಂಚ ಎಂದು ಕರೆದ. ಕುದುರೆ ಕೆಂಚ ಎಂದರೆ ಮಾತ್ರ ತಿರುಗಿ ನೋಡುತ್ತಿತ್ತು. ದೊರೆಯೂ ಕೊನೆಗೆ ಸೋತು ಕೆಂಚ ಎಂದೇ ಕರೆದನಂತೆ.

"ಟರ್ಕಿಯೋರು ಕಾಲ್ವೆ ದಾಟಾಕೆ ಬಂದಾಗ ಗುಂಡು ಹಾರ್ತಿದ್ವು. ಸವಾರ್ರು ಮುಂದೆ ಹೋದ್ರು. ನಮ್ ತಾತ ಹಿಂದೆ, ಉಳ್ದಿರೋ ಕುದ್ರೆ ಹಿಡ್ಕಂಡು ನಿಂತಿದ್ದ. ಕೆಂಚ ಬೆದರ್ತು. ಏನ್ ಮಾಡ್ತಾನೆ? ಅದರ ಕಿವಿಗೆ ಬಾಯಿಟ್ಟು ನಮ್ ಪಾಳ್ಯದ ಗದ್ದೇಲಿ ಹೇಳೋ ನಾಟಿ ಪದ ಹೇಳ್ದ. ಗುಂಡು ನಿಲ್ಲೋಗಂಟ ಹೇಳ್ದ. ಕುದ್ರೆ ನಿಂತ್ಕಂತು."

ಸೆರಗು ಸರಿಮಾಡಿಕೊಂಡು ಮುಂದುವರಿಸಿದಳು.

"ಯುದ್ಧ ಮುಗೀತು. ಹಡಗಲ್ಲಿ ಜನಕ್ಕೆ ಜಾಗ ಐತೆ, ಕುದ್ರೆಗಿಲ್ಲ ಅಂದ್ರಂತೆ. ಕೆಂಚನ್ನ ಅಲ್ಲೇ ಬುಟ್ ಬಂದ. ಊರಿಗ್ ಬಂದ್ರೆ ಎಲ್ರೂ ಸವಾರ ಸವಾರ ಅಂತಾರೆ. ಮೊದ್ಲು ಒಂದೆರಡ್ ಸಲ ಅಲ್ಲ ಕಣ್ರಪ್ಪ ಅಂದ. ಯಾರೂ ಕೇಳ್ಲಿಲ್ಲ. ಸುಮ್ಕಾದ. ನನ್ನ ಕರ್ಕಂಡು ಹುಲ್ಲಿಗೆ ಹೋದಾಗ ಮಾತ್ರ ಇದ್ನೆಲ್ಲ ಹೇಳಿ ಕಣ್ಣೊರ್ಸ್ಕಳೋನು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಮೋಹನ್ ಮೆಲ್ಲಗೆ, ಮೈಕು ಇನ್ನೂ ಚಾಲೂ ಇರುವುದು ಮರೆತು, ಕೇಳಿದ: "ಹಂಗಾದ್ರೆ ಈ ಭರ್ಜಿ?"

"ಅದು ಹೋದೊರ್ಷ ಕಡ್ದಿದ್ ಬಿದ್ರು ಗೌಡ್ರೇ. ತುದಿ ಲಾರೀದು. ಹಲ್ಸಿನಕಾಯಿ ಕೀಳಾಕೆ ಒಳ್ಳೇದು."

ಛಾವಣಿ ಹಾರಿಹೋಗುವಂತೆ ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಟರಾಜ್. ಕುರ್ಚಿಯಿಂದ ಬೀಳುವುದೊಂದು ಬಾಕಿ. ಮೋಹನ್ ಅವನ ಕಡೆ ತಿರುಗಿದ.

"ನಟರಾಜ, ನಿನ್ ಹಾಲಲ್ಲಿರೋದು?"

ನಟರಾಜ್ ಭೂತಮ್ಮನ ಕಡೆ ಕಣ್ಣಲ್ಲೇ ಬೇಡಿಕೊಂಡ. ಭೂತಮ್ಮನಿಗೆ ಆ ಹೊತ್ತಿಗೆ ನಿಜ ಹೇಳುವ ರುಚಿ ಹತ್ತಿಬಿಟ್ಟಿತ್ತು.

"ಅವ್ರದ್ರಲ್ಲಿ ಬಿದ್ರು ಮಾತ್ರ ಹಳೇದು. ಲಾರಿ ಎರಡಕ್ಕೂ ಒಂದೇ."

ಬಾಗಿಲ ಬಳಿ ನಿಂತಿದ್ದ ನಜೀರ್ ಹೊರಗೆ ಓಡಿದ. ಅಂಗಳದಲ್ಲಿ ಲಾರಿಗೆ ಒರಗಿ ಅವನು ನಗುತ್ತಿದ್ದದ್ದು ಒಳಗಿದ್ದವರಿಗೂ ಕೇಳಿಸಿತು.

ಆ ವರ್ಷದ ಹಣ್ಣು ಕೊಯ್ದು ಮುಗಿಯುವವರೆಗೂ ಇಬ್ಬರು ಗೌಡರಿಗೂ ಮಾತಿರಲಿಲ್ಲ. ಮೋಹನ್ ಒಂದು ದಿನ ಪಾಳ್ಯಕ್ಕೆ ಬಂದಾಗ ಹಸು ವಾಪಸ್ ಕೇಳುತ್ತಾನೆಂದು ಭೂತಮ್ಮ ಜಗಳಕ್ಕೆ ಮಾತು ಜೋಡಿಸಿಕೊಂಡಿದ್ದಳು. ಅವನು ಹೆಂಡತಿಯನ್ನು ಕರೆತಂದಿದ್ದ. "ಕೆಂಚನ ವಿಷಯ ಇವಳಿಗೊಂದ್ಸಲ ಹೇಳಮ್ಮ" ಎಂದು ಬೆಂಚಿನ ಮೇಲೆ ಕೂತ. ಭೂತಮ್ಮ ಜೋಡಿಸಿಕೊಂಡ ಮಾತೆಲ್ಲ ವ್ಯರ್ಥವಾಯಿತಲ್ಲ ಎಂದು ಸ್ವಲ್ಪ ಬೇಸರಪಟ್ಟೇ ಕಥೆ ಶುರುಮಾಡಿದಳು.

ಮೋಹನ್ ಗೋಡೆಯಿಂದ ಭರ್ಜಿ ಇಳಿಸಲಿಲ್ಲ. ತಾನು ಮೋಸಹೋದ ಕಥೆಯನ್ನೇ ಬಂದವರಿಗೆಲ್ಲ ರಸವತ್ತಾಗಿ ಹೇಳತೊಡಗಿದ. ಅದಕ್ಕೆ ಹಿಂದೆಂದೂ ಸಿಗದಷ್ಟು ನಗು ಸಿಕ್ಕಿತು. ನಟರಾಜ್ ಕೂಡ ಇಳಿಸಲಿಲ್ಲ. ಆದರೆ ಅವನ ಹಾಲ್‌ನಲ್ಲಿ ಹೊರಗಿನಿಂದ ಬಂದವರಿಗೆ ಎಫ್ ಎಂದರೆ ಈಗಲೂ ಫ್ರಾಂಟಿಯರ್.

ಎರಡು ಸಾವಿರದ ಐದರ ಹೊತ್ತಿಗೆ ಮಂಡಿನೋವು ಹೆಚ್ಚಾಗಿ ಭೂತಮ್ಮ ಒಲೆಯನ್ನು ಸೊಸೆ ಪಂಕಜಾಕ್ಷಿಗೆ ಬಿಟ್ಟುಕೊಟ್ಟಳು. ಸೊಸೆ ಹೋಟೆಲಿಗೊಂದು ಬೋರ್ಡು ಬರೆಸಿದಳು, ಅದರಲ್ಲಿ ಕುದುರೆಯ ಚಿತ್ರವಿರಲಿ ಎಂದಳು. ಪೇಂಟರು ಜನ್ಮದಲ್ಲಿ ಕುದುರೆ ಬರೆದವನಲ್ಲ. ಕಿವಿ ಉದ್ದವಾಯಿತು, ಕಾಲು ಗಿಡ್ಡವಾಯಿತು. ಕಂಡಕ್ಟರುಗಳು "ಯಾರ್ರೀ ಕತ್ತೆ ಹೋಟ್ಲು, ಇಳೀರಿ" ಎಂದು ಕೂಗತೊಡಗಿದರು. ಪಂಕಜಾಕ್ಷಿ ಅಳುವುದೊಂದು ಬಾಕಿ. ಬೋರ್ಡು ಇಳಿಸಿಬಿಡುತ್ತೇನೆ ಎಂದು ಏಣಿ ತಂದಳು.

ಭೂತಮ್ಮ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಬೋರ್ಡನ್ನು ಹೊತ್ತುಗಟ್ಟಲೆ ನೋಡಿದಳು.

"ಇರ್ಲಿ ಬುಡೇ" ಎಂದಳು. "ಮೊದ್ಲು ಕೈ ತೋರ್ಸಿದ್ರೂ ಎಷ್ಟೋ ಬಸ್ಸಿನೋರು ನಿಲ್ಲಿಸ್ತಿರ್ಲಿಲ್ಲ. ಈಗ ಅವ್ರೇ ಕೂಗಿ ನಿಲ್ಲಿಸ್ತಾವ್ರೆ."