ದರ್ಜಿ ಅಕ್ಕನ ತಲೆಕೆಳಗು ಗುಲಾಬಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಲೇಜಿನ ಗಾಜಿನ ಮನೆಯ ಮೇಲೆ ಕೂತ ಹನಿಗಳು ಒಂದನ್ನೊಂದು ಕೂಡಿಕೊಂಡು ಮೆಲ್ಲಗೆ ಜಾರುತ್ತಿವೆ. ಕುಂಡಗಳ ಸಾಲಿನ ಕೊನೆಯಲ್ಲಿ ಒಬ್ಬಾಕೆ ಗುಲಾಬಿ ಗಿಡದ ಮೇಲೆ ಬಾಗಿ, ಉಸಿರು ಬಿಗಿಹಿಡಿದು ನಿಂತಿದ್ದಾರೆ. ತೋಟಗಾರಿಕೆ ಕೋರ್ಸಿನ ಈ ವಿದ್ಯಾರ್ಥಿನಿಗೆ ಐವತ್ತು ದಾಟಿದೆ. ತರಗತಿಯವರಿಗೆಲ್ಲ ಅವರು ದರ್ಜಿ ಅಕ್ಕ. ಇಂದು ಪ್ರಾಯೋಗಿಕ ಪರೀಕ್ಷೆ. ತಾನೇ ಕಟ್ಟಿದ ಕಸಿ ಚಿಗುರಿದ್ದರೆ ಪಾಸು, ಕಾಲೇಜಿನ ನರ್ಸರಿಯಲ್ಲೇ ಕೆಲಸ. ಇಲ್ಲದಿದ್ದರೆ ಎರಡೂ ಇಲ್ಲ.

"ಸ್ವಲ್ಪ ತಾಳಿ, ಇನ್ನೂ ನೋಡ್ತಾ ಇದ್ದೀನಿ" ಎನ್ನುತ್ತಾರೆ. ಅವರ ಕಥೆ ಬರೆಯಲು ಬಂದ ನನ್ನ ಕೈಗೆ ಸಿಕ್ಕ ಗಿಡ ಒಂದೂ ಉಳಿದದ್ದಿಲ್ಲ. ಏನನ್ನೂ ಮುಟ್ಟದೆ ಕೈಕಟ್ಟಿ ನಿಲ್ಲುತ್ತೇನೆ.

ಮದುವೆಯಾದ ವರ್ಷದಿಂದ ಹೊಲಿಗೆ ಯಂತ್ರ ತುಳಿದ ಕಾಲು ಅವರದು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದೂ ಅದೇ ಯಂತ್ರ. ಹೋದ ವರ್ಷ ಮಂಡಿ ಕೈಕೊಟ್ಟಿತು. "ಇನ್ನು ತುಳಿಯೋ ಹಾಗಿಲ್ಲಮ್ಮ ಅಂದ್ಬಿಟ್ರು ಡಾಕ್ಟ್ರು. ಕಾಲು ಒಪ್ಕೊಳ್ತು, ಕೈ ಒಪ್ಕೊಳ್ಳಲಿಲ್ಲ" ಎಂದು ನಗುತ್ತಾರೆ. ಈ ಕೋರ್ಸಿನ ಅರ್ಜಿ ತಂದುಕೊಟ್ಟವಳು ಮಗಳೇ. ಈಗ ಅವಳದೇ ಗೊಣಗಾಟ: "ಅಮ್ಮ ಕಾಲೇಜಿಗೆ ಹೊರಡ್ತಾಳೆ, ಡಬ್ಬಿ ಕಟ್ಟೋದು ನಾನು."

ಮೊದಲ ತರಗತಿಯ ಗುಂಗು ಅವರನ್ನು ಇನ್ನೂ ಬಿಟ್ಟಿಲ್ಲ. "ಮೇಡಂ ನೆನೆಸಿದ ಬೀಜ ಸೀಳಿ ತೋರಿಸಿದ್ರು. ಒಳಗೆ ಪುಟ್ಟ ಎಲೆ, ಇಸ್ತ್ರಿ ಮಾಡಿ ಮಡಚಿಟ್ಟ ಹಾಗೆ. ಇಷ್ಟು ವರ್ಷ ಬಟ್ಟೆ ಮಡಚಿದೀನಿ, ಅಂಥ ಮಡಿಕೆ ನನ್ ಕೈಲಿ ಬಂದಿಲ್ಲ. ಆಮೇಲೆ ಎಷ್ಟೋ ದಿನ ಕನಸಲ್ಲೂ ಎಲೆ ಬಿಚ್ಕೊಳ್ತಾನೇ ಇತ್ತು."

ಹಾಗಿದ್ದವರು ಕಸಿಯಲ್ಲಿ ಎಡವಿದರು. ಒಳ್ಳೆಯ ಗುಲಾಬಿಯ ಚಿಗುರುಗಣ್ಣನ್ನು ತೊಗಟೆ ಸಮೇತ ತೆಗೆದು, ಕಾಡುಗುಲಾಬಿಯ ಕಾಂಡ ಸೀಳಿ ಒಳಗೆ ಕೂರಿಸಿ ಪಟ್ಟಿ ಸುತ್ತಬೇಕು. ಜೇಬಿನ ಮುಚ್ಚಳವನ್ನು ತಲೆಕೆಳಗಾಗಿಟ್ಟು ಹೊಲಿದು ಆಮೇಲೆ ಮಗುಚಿ ರೂಢಿಯಾದ ಕೈ ಇಲ್ಲೂ ಅದನ್ನೇ ಮಾಡಿತು. ಚಿಗುರುಗಣ್ಣು ನೆಲದ ಕಡೆ ಮುಖ ಮಾಡಿ ಕೂತಿತು. ಮೇಡಂ ನೋಡುವಷ್ಟರಲ್ಲಿ ಅದು ಕಾಂಡಕ್ಕೆ ಬೆಸೆದುಕೊಂಡಿತ್ತು.

"ಅಕ್ಕಾ, ಇದನ್ನ ಮಗುಚೋಕಾಗಲ್ಲ" ಎಂದರು ವಯಸ್ಸಿನಲ್ಲಿ ಮಗಳಷ್ಟೇ ಇರುವ ಮೇಡಂ. "ಬೇರೆ ಕಟ್ಟೋಕೆ ಟೈಮೂ ಇಲ್ಲ. ಚಿಗುರಿದ್ರೆ ನಿಮ್ಮ ಅದೃಷ್ಟ."

ಅಂದಿನಿಂದ ದರ್ಜಿ ಅಕ್ಕ ಎಲ್ಲರಿಗಿಂತ ಮೊದಲು ಬರುತ್ತಾರೆ. ನೀರು ಹನಿಸುತ್ತಾರೆ, ಕಾಡುಗುಲಾಬಿಯ ಸ್ವಂತ ಚಿಗುರು ಚಿವುಟುತ್ತಾರೆ, ಯಾರೂ ಇಲ್ಲದಾಗ ಗಿಡಕ್ಕೆ ಕ್ಷಮೆಯನ್ನೂ ಕೇಳುತ್ತಾರಂತೆ. ಕಳೆದ ವಾರ ಕಂಡ ಕೆಂಪು ಚಿಗುರು ನೆಲದ ಕಡೆಗೇ ಇಳಿಯುತ್ತಿತ್ತು. ಹಾಗೇ ಇಳಿದರೆ ಪರೀಕ್ಷೆಯಲ್ಲಿ ಒಪ್ಪುತ್ತಾರೋ ಇಲ್ಲವೋ ಎಂದು ಅವರಿಗೆ ಊಟ ಸೇರಲಿಲ್ಲ.

ಈಗ ಅವರು ಬೆರಳ ತುದಿಯಿಂದ ಎಲೆಯೊಂದನ್ನು ಸರಿಸಿ ನನ್ನನ್ನು ಕರೆಯುತ್ತಾರೆ. ಕೆಳಗಿಳಿದ ಚಿಗುರು ಕೊಕ್ಕೆಯಂತೆ ಬಾಗಿ ಮೇಲೆದ್ದಿದೆ. ಒಳಬಂದ ಮೇಡಂ ಬಹಳ ಹೊತ್ತು ನೋಡಿ, "ಸೊಟ್ಟಗಿದೆ. ಆದ್ರೆ ಪಾಸು" ಎನ್ನುತ್ತಾರೆ.

ಇನ್ನೇನು ಬೇಕು ಎಂದು ದರ್ಜಿ ಅಕ್ಕನನ್ನು ಕೇಳುತ್ತೇನೆ.

"ಈ ಗಿಡ ಮಾರಬಾರದು. ಮುಂದಿನ ವರ್ಷದವರಿಗೆ ತೋರಿಸ್ಲಿ. ತಪ್ಪಾಗಿ ಕೂರಿಸಿದ್ದು ನಾನು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. "ಮೇಲಕ್ಕೆ ತಿರುಗ್ಕೊಂಡಿದ್ದು ಅದೇ."