ಹಿಂದಿನ ಸೀಟಿನಲ್ಲಿ ಕೂತವಳು

ಬಸವನ ಬಾಗೇವಾಡಿಯ ಆ ಮೋಟರ್‌ಸೈಕಲ್ ಶೋರೂಮಿನಲ್ಲಿ ಸುರೇಖಾಳ ಕೆಲಸ ಫೋನು ಮಾಡುವುದು. ಬೆಳಿಗ್ಗೆ ಬಂದು ಕೂತಳೆಂದರೆ ಸಂಜೆಯವರೆಗೆ ಒಂದೇ ಮಾತು: "ನಮಸ್ಕಾರ್ರಿ, ನಿಮ್ಮ ಗಾಡಿ ಸರ್ವಿಸಿಗೆ ಬಂದೈತಿ ನೋಡ್ರಿ. ಯಾವಾಗ ತರ್ತೀರಿ?" ಆ ಕಡೆಯವರಲ್ಲಿ ಕೆಲವರು ಗದರುತ್ತಿದ್ದರು, ಕೆಲವರು ಹೊಲದಾಗ ಅದೀನಿ ಅನ್ನುತ್ತಿದ್ದರು, ಕೆಲವರು ಮಳೆ ಬೆಳೆಯ ಸುದ್ದಿ ತೆಗೆದು ಮಾತು ಬೆಳೆಸುತ್ತಿದ್ದರು. ತಾಲೂಕಿನ ಅರ್ಧ ಹಳ್ಳಿಗಳಿಗೆ ಅವಳ ದನಿ ಗೊತ್ತು. ಮುಖ ಬಲ್ಲವರು ಕಡಿಮೆ. ಅವಳದೇ ಫೋನು ಮಾತ್ರ ಚೀಲದೊಳಗೆ ತೆಪ್ಪಗೆ ಬಿದ್ದಿರುತ್ತಿತ್ತು. ಅಪರೂಪಕ್ಕೆ ರಿಂಗಾದರೆ ಯಾವುದೋ ಕಂಪನಿಯ ಜಾಹೀರಾತು, ಇಲ್ಲವೇ ತಪ್ಪು ನಂಬರು.

ಗಂಡ ಕಾಮಾಲೆಯಾಗಿ ತೀರಿಕೊಂಡಾಗ ಅವಳಿಗೆ ಮೂವತ್ತು ತುಂಬಿರಲಿಲ್ಲ. ಈಗ ನಲವತ್ತು ದಾಟಿದೆ. ಮಕ್ಕಳಿಲ್ಲ. ಗಂಡನ ಮನೆಯವರು ಕೆಟ್ಟವರೇನೂ ಅಲ್ಲ. ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಆ ಎರಡರ ನಡುವೆ ಒಂದು ವರ್ಷ ಕಳೆದು, ಒಂದು ದಿನ ತಾನೇ ಟ್ರಂಕು ಹಿಡಿದು ಬಾಗೇವಾಡಿಗೆ ಬಂದು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಳು. ಒಬ್ಬಳಿಗೆ ಎಷ್ಟು ಅಡಿಗೆ ಮಾಡಬೇಕು ಅನ್ನುವುದು ಇಷ್ಟು ವರ್ಷಗಳಾದರೂ ಅವಳ ಕೈಗೆ ಕೂತಿರಲಿಲ್ಲ. ಸಾರು ಪ್ರತಿ ದಿನ ಉಳಿಯುತ್ತಿತ್ತು.

ಶೋರೂಮಿನ ಒಡತಿ ಜಯಮಾಲಾ. ಗಂಡ ಹೋದ ಮೇಲೆ ವ್ಯಾಪಾರವನ್ನು ಮೈದುನರ ಕೈಗೆ ಬಿಡದೆ ತಾನೇ ಕೂತು ನಡೆಸಿದ ಗಟ್ಟಿ ಹೆಂಗಸು. ದಸರಾಕ್ಕೆ ಇನ್ನೂ ತಿಂಗಳಿತ್ತು. ಹೊಸ ಗಾಡಿ ಬುಕ್ ಮಾಡುವವರ ಗದ್ದಲ ಶುರುವಾಗಬೇಕಾದ ಹೊತ್ತು. ಆದರೆ ಬಾಗೇವಾಡಿಯವರೇ ಮುದ್ದೇಬಿಹಾಳಕ್ಕೆ ಹೋಗಿ ಗಾಡಿ ತರುತ್ತಿದ್ದರು. ಇಂಡಿಗೆ ಹೋದವರೂ ಇದ್ದರು. ಒಂದು ದಿನ ಆಕೆ ಸುರೇಖಾಳನ್ನೂ ವರ್ಕ್‌ಶಾಪಿನ ಹಿರಿಯ ಮೇಸ್ತ್ರಿ ಯಲ್ಲಾಲಿಂಗನನ್ನೂ ಒಳಗೆ ಕರೆದಳು.

"ಗಾಡಿ ಅವೇ, ಕಂಪನಿ ಅದೇ, ರೇಟೂ ಹೆಚ್ಚು ಕಡಿಮಿ ಅಷ್ಟ. ಮತ್ತ ಅಲ್ಲಿ ಏನ ಕೊಡ್ತಾರ, ನಾವೇನ ಕೊಡೂದಿಲ್ಲ? ನೀವಿಬ್ಬರೂ ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರೂ ಕಡೆ ಹೋಗಿ ಬರ್ರಿ. ಗಿರಾಕಿ ಹೋದಂಗ ಹೋಗ್ರಿ. ನಮ್ಮವ್ರಂತ ಹೇಳಬ್ಯಾಡ್ರಿ."

"ನಾನ್ಯಾಕ್ರೀ ಅವ್ವಾರ?" ಅಂದಳು ಸುರೇಖಾ.

"ಯಲ್ಲಾಲಿಂಗ ಎಂಜಿನ್ ನೋಡ್ತಾನ. ಮಂದಿನ್ನ ನೋಡಾಕ ನೀ ಬೇಕು."

ಗಂಡು ಹೆಣ್ಣು ಜೊತೆಯಾಗಿ ಗಾಡಿ ನೋಡಲು ಹೋದರೆ ಎದುರಿನವರು ಏನು ತಿಳಿಯುತ್ತಾರೆ ಅನ್ನುವುದನ್ನು ಮೂವರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಯಲ್ಲಾಲಿಂಗ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಗೊಳಸಂಗಿಯಲ್ಲಿ ಮನೆ. ಅವನ ಹೆಂಡತಿ ಕಾವೇರಿ ಬಾಗೇವಾಡಿಯ ಸಂತೆಗೆ ಬಂದಾಗಲೆಲ್ಲ ಸುರೇಖಾಳನ್ನು ಮಾತಾಡಿಸಿಯೇ ಹೋಗುತ್ತಿದ್ದಳು. ಅವನೂ ಸುರೇಖಾಳನ್ನು ಅಕ್ಕಾರ ಎಂದೇ ಕರೆಯುವವನು. ಹಾಗಾಗಿ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಆದರೂ ಇಂಡಿಗೆ ಹೊರಟ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಸುರೇಖಾ ಸೆರಗನ್ನು ಬರಿಗೊರಳು ಕಾಣದ ಹಾಗೆ ಎಳೆದು ಪಿನ್ನು ಹಾಕಿಕೊಂಡಳು. ಯಾಕೆ ಹಾಗೆ ಮಾಡಿದೆ ಎಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಇಂಡಿಯ ಶೋರೂಮು ನೋಡಲು ಭಾರಿ ಚೆಂದ. ಮುಂದೆಲ್ಲ ಗಾಜು, ಒಳಗೆ ತಂಪು, ಕುಡಿಯಲು ಲಿಂಬು ಶರಬತ್ತು. ಅಮಿತ ಎಂಬ ಹುಡುಗ ಇಸ್ತ್ರಿ ಮುರಿಯದ ಅಂಗಿಯಲ್ಲಿ ಓಡಿ ಬಂದ. ಬಂದವನು ಯಲ್ಲಾಲಿಂಗನ ಕಡೆ ತಿರುಗಿ ಎವರೇಜು, ಪಿಕಪ್ಪು, ಕಂತು ಎಂದು ಒಂದೇ ಉಸಿರಿಗೆ ಹೇಳಿದ. ಸುರೇಖಾಳ ಕಡೆ ನೋಡಿದ್ದು ಒಂದೇ ಸಲ.

"ವೈನಿಯವರಿಗೆ ಕಲರ್ ತೋರಸ್ತೇನ್ರಿ. ಹೆಣಮಕ್ಕಳು ಕೆಂಪನ್ನೇ ಬಯಸ್ತಾರ."

ವೈನಿ, ಅಂದರೆ ಅತ್ತಿಗೆ. ಆ ಮಾತು ಕಿವಿಗೆ ಬಿದ್ದಾಗ ಸುರೇಖಾ ಬೇರೆ ಯಾರನ್ನೋ ಕರೆದರೆಂಬಂತೆ ಸುತ್ತ ನೋಡಿದಳು. ಯಲ್ಲಾಲಿಂಗ ಗಡ್ಡ ಕೆರೆದುಕೊಂಡ.

"ವರ್ಕ್‌ಶಾಪ್ ನೋಡಬಹುದೇನ್ರಿ?" ಎಂದ ಅವನು.

"ಅದು ಬ್ಯಾರೆ ಕಡೆ ಐತ್ರಿ ಅಣ್ಣಾರ. ಅದರ ಚಿಂತಿ ನಿಮಗ್ಯಾಕ? ಹೊಸಾ ಗಾಡಿ ಕೆಡತೈತೇನ್ರಿ?"

ಹೊರಗೆ ಬಂದ ಮೇಲೆ ಯಲ್ಲಾಲಿಂಗ ಹೇಳಿದ್ದು ಇಷ್ಟೇ: "ಮಾರೂತನಕ ಮಾತ್ರ ನಮ್ಮವ್ರು." ಬಸ್ಸಿನಲ್ಲಿ ಅವನು ಗಂಡಸರ ಜೊತೆ ಹಿಂದೆ ಕೂತ. ಅವಳಿಗೆ ಮುಂದೆ ಕಿಟಕಿಯ ಬದಿ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಲಿಂಬೆ ತೋಟಗಳು ಹಿಂದೆ ಸರಿಯುತ್ತಿದ್ದವು. ವೈನಿ ಎಂದು ತನ್ನನ್ನು ಕೊನೆಗೆ ಕರೆದವರು ಯಾರು? ಗಂಡನ ತಮ್ಮನೇ ಇರಬೇಕು. ಮಣ್ಣು ಮಾಡಿ ಬಂದ ದಿನ.

ಸಿಂದಗಿಯದು ಬೇರೆಯೇ ಬಗೆ. ಕಿರಿದಾದ ಅಂಗಡಿ, ಹೊಸ ಗಾಡಿಗಳ ನಡುವೆ ಅಡ್ಡಡ್ಡ ನಡೆಯಬೇಕು. ಮಾಲೀಕ ಅಮೀನುದ್ದೀನ ಬಂದವರಿಗೆಲ್ಲ ಮೊದಲು ಚಹಾ ಹೇಳಿ, ಆಮೇಲೆ ಊರು ಕೇಳುವ ಮನುಷ್ಯ. ಯಾವ ಊರಿನ ಹೆಸರು ಹೇಳಿದರೂ ಅಲ್ಲಿ ಅವನಿಗೊಬ್ಬ ದೋಸ್ತ ಇರುತ್ತಿದ್ದ.

"ಕುಂಡ್ರಿ ತಂಗಿ, ಕುಂಡ್ರಿ. ಗಂಡ ಹೆಂಡತಿ ಕೂಡಿ ಗಾಡಿ ನೋಡಾಕ ಬಂದ್ರ ನನಗ ಭಾಳ ಖುಷಿ ಆಗತೈತಿ ನೋಡ್ರಿ. ಗಂಡಸ್ರು ಒಬ್ಬರ ಬಂದ್ರಂದ್ರ ಸುಮ್ಮನ ಹಾರ್ನ್ ಹೊಡೆದು ನೋಡಿ ಹೋಗ್ತಾರ."

ಸುರೇಖಾಳಿಗೆ ನಗು ಬಂತು. ಬಹಳ ದಿನಗಳ ಮೇಲೆ ಹಲ್ಲು ಕಾಣುವಂತೆ ನಕ್ಕಳು. ಅಷ್ಟರಲ್ಲಿ ಬಾಗಿಲ ಬಳಿ ಕೂತಿದ್ದ ಕನ್ನೊಳ್ಳಿಯ ರೈತನೊಬ್ಬ ಎದ್ದ.

"ಸಾಹುಕಾರ್ರ, ಚಹಾ ದಿನಾ ಕುಡಿಸ್ತೀರಿ. ಕ್ಲಚ್ ಪ್ಲೇಟ್ ಯಾವಾಗ ತರಸ್ತೀರಿ? ಗಾಡಿ ನಿಂತು ತಿಂಗಳಾತು."

"ಬರ್ತೈತಿ ಕಾಕಾ, ಹಾದ್ಯಾಗ ಐತಿ," ಎಂದ ಅಮೀನುದ್ದೀನ, ಮುಖ ಸಣ್ಣದು ಮಾಡಿಕೊಂಡು. ಅವನು ಸುಳ್ಳುಗಾರನಲ್ಲ. ಒಂದು ಗಾಡಿ ಓಡಿಸಿ ನೋಡುತ್ತೇವೆ ಎಂದು ಯಲ್ಲಾಲಿಂಗ ಕೇಳಿದಾಗಲೂ ನಾಚಿಕೊಂಡೇ ಹೇಳಿದ: ತೋರಿಸಲೆಂದು ಇಟ್ಟಿದ್ದ ಗಾಡಿಯನ್ನೇ ಯಾರೋ ಅವಸರದವರು ಕೇಳಿದರೆಂದು ಮಾರಿಬಿಟ್ಟಿದ್ದ. ಇಂಥವನ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ? ಹೊರಡುವಾಗ ಅವನು ಬಾಗಿಲವರೆಗೆ ಬಂದು, "ತಗೊಳ್ರಿ ಬಿಡ್ರಿ, ಜೋಡಿಲೆ ಮತ್ತೊಮ್ಮೆ ಬರ್ರಿ," ಎಂದ. ಆ ಮಾತನ್ನು ಸುರೇಖಾ ಬಾಗೇವಾಡಿಯವರೆಗೂ ಹೊತ್ತುಕೊಂಡು ಬಂದಳು. ಅಂದು ಕೋಣೆಯ ಬೀಗ ತೆಗೆದಾಗ ಒಳಗಿನ ಕತ್ತಲು ದಿನಕ್ಕಿಂತ ಒಂದು ಪಾಲು ಹೆಚ್ಚಾಗಿ ಕಂಡಿತು. ದೀಪ ಹಚ್ಚಿ, ಏನನ್ನೂ ಮಾಡದೆ, ಮಂಚದ ಮೇಲೆ ಸುಮ್ಮನೆ ಕೂತಳು.

ಮುದ್ದೇಬಿಹಾಳಕ್ಕೆ ಹೋದ ದಿನ ಮೋಡ ಕವಿದಿತ್ತು. ಶೋರೂಮು ದೊಡ್ಡದೂ ಅಲ್ಲ, ಹೊಳೆಯುವಂಥದ್ದೂ ಅಲ್ಲ. ಆದರೆ ಒಳಗೆ ಕಾಲಿಟ್ಟವರಿಗೆ ಎದುರಿಗೇ ವರ್ಕ್‌ಶಾಪು ಕಾಣುತ್ತಿತ್ತು, ನಡುವೆ ಬಾಗಿಲಿಲ್ಲ. ಗಾಡಿ ಬಿಚ್ಚಿದ್ದು, ತೊಳೆದದ್ದು, ಯಾರ ಗಾಡಿಗೆ ಏನು ಹಾಕಿದರು ಎಂಬುದೆಲ್ಲ ಬೆಂಚಿನ ಮೇಲೆ ಕೂತವರ ಕಣ್ಣೆದುರೇ. ಯಲ್ಲಾಲಿಂಗ ಅತ್ತ ಹೋಗಿ ನಿಂತುಬಿಟ್ಟ. ಮಾತಾಡಿಸಲು ಬಂದವಳು ಆಯೇಶಾ. ಮೂವತ್ತರ ಆಸುಪಾಸು, ತಲೆಯ ಮೇಲೆ ದುಪಟ್ಟಾ, ಅವಸರವಿಲ್ಲದ ದನಿ. ಯಾವ ಗಾಡಿ ಬೇಕು ಎಂದು ಅವಳು ಕೇಳಲೇ ಇಲ್ಲ.

"ಯಾವ ಹಾದ್ಯಾಗ ಓಡಸ್ತೀರಿ? ಡಾಂಬರೋ, ಎರಿ ಹೊಲದ ದಾರಿನೋ?"

"ಎರಡೂ ಅದಾವ್ರಿ," ಎಂದ ಯಲ್ಲಾಲಿಂಗ ಹಿಂದಿರುಗಿ ಬಂದು. "ಮನಿ ಹಳ್ಳ್ಯಾಗೈತಿ."

"ಹಿಂದ ಯಾರ ಕುಂಡ್ರತಾರ?"

ಮೂರು ಊರು ತಿರುಗಿದರೂ ಇದನ್ನು ಕೇಳಿದವರು ಇವಳೊಬ್ಬಳೇ. ಯಲ್ಲಾಲಿಂಗ ಬಾಯಿ ತೆರೆಯುವಷ್ಟರಲ್ಲಿ ಆಯೇಶಾ ಸುರೇಖಾಳ ಕಡೆ ತಿರುಗಿದಳು. ಅವಳ ಕಣ್ಣು ಒಂದು ಗಳಿಗೆ ಪಿನ್ನು ಹಾಕಿದ ಸೆರಗಿನ ಮೇಲೆ, ಉಂಗುರವಿಲ್ಲದ ಕಾಲ್ಬೆರಳುಗಳ ಮೇಲೆ ಹೋಗಿ ಬಂತು. ಉಳಿದವರ ಹಾಗೆ ಅವಳು ತಾನೇ ಸಂಬಂಧ ಕಟ್ಟಲಿಲ್ಲ.

"ಕುಂಡ್ರಾವ್ರು ನೀವೇನ್ರಿ ಅಕ್ಕಾ?"

ಇಲ್ಲ ಅನ್ನಬಹುದಿತ್ತು. ಅಣ್ಣನ ಜೊತೆ ಬಂದೀನಿ ಅಂದರೂ ಕೆಲಸ ಕೆಡುತ್ತಿರಲಿಲ್ಲ.

"ಹೌದ್ರಿ," ಎಂದಳು ಸುರೇಖಾ. "ನಾನ ಕುಂಡ್ರಾಕಿ."

ಹೇಳಿದ ಮೇಲೆ ಅವಳಿಗೆ ಯಲ್ಲಾಲಿಂಗನ ಮುಖ ನೋಡಲಾಗಲಿಲ್ಲ.

ಆಯೇಶಾ ಗಾಡಿ ಹೊರಗೆ ತರಿಸಿದಳು. "ಒಬ್ಬರ ಓಡಿಸಿ ನೋಡಿದ್ರ ಗೊತ್ತಾಗೂದಿಲ್ಲ. ಇಬ್ಬರೂ ಹೋಗಿ ಬರ್ರಿ. ಊರ ದಾಟಿ ಮಣ್ಣ ಹಾದಿಗೆ ಇಳೀರಿ."

ಸುರೇಖಾ ಎರಡೂ ಕಾಲು ಒಂದೇ ಬದಿಗೆ ಹಾಕಿ, ಹಿಂದಿನ ಕಂಬಿ ಹಿಡಿದು ಕೂತಳು. ಪೇಟೆ ಮುಗಿದು, ಎರಡೂ ಕಡೆ ತೊಗರಿ ಹೊಲ ಬಂತು. ಮಳೆ ಕುಡಿದ ಕರಿ ಮಣ್ಣಿನ ವಾಸನೆ ಮುಖಕ್ಕೆ ಬಡಿಯಿತು. ಗಾಳಿಗೆ ಯಲ್ಲಾಲಿಂಗನ ಅಂಗಿ ಉಬ್ಬಿ ಪಟಪಟ ಎನ್ನುತ್ತಿತ್ತು. ಎದುರಿನಿಂದ ಬಂದ ಎತ್ತಿನ ಬಂಡಿಯ ಮುದುಕಿ ಇಬ್ಬರನ್ನೂ ನೋಡಿ, ಗಂಡ ಹೆಂಡತಿಯನ್ನು ನೋಡುವ ಹಾಗೆ ನೋಡಿ, ಅತ್ತ ತಿರುಗಿದಳು. ಅದರಲ್ಲಿ ಕುತೂಹಲವಿರಲಿಲ್ಲ, ಅಯ್ಯೋ ಅನ್ನುವುದೂ ಇರಲಿಲ್ಲ. ಹತ್ತು ವರ್ಷಗಳಿಂದ ಯಾರೂ ಅವಳನ್ನು ಹಾಗೆ ಸುಮ್ಮನೆ ನೋಡಿ ಬಿಟ್ಟಿರಲಿಲ್ಲ. ಒಂದು ತಗ್ಗಿನಲ್ಲಿ ಗಾಡಿ ಹಾರಿದಾಗ ಅವಳ ಕೈ ತಾನಾಗಿ ಅವನ ಹೆಗಲಿಗೆ ಹೋಯಿತು. ಕೂಡಲೇ ತೆಗೆದಳು. ಅವನು ಗಾಡಿ ಸ್ವಲ್ಪ ನಿಧಾನ ಮಾಡಿದ, ಅಷ್ಟೇ.

ತಿರುಗಿ ಬಂದಾಗ ಆಯೇಶಾ ಮೊದಲು ಕೇಳಿದ್ದು ಓಡಿಸಿದವನನ್ನಲ್ಲ. "ಹೆಂಗಾತ್ರಿ ಅಕ್ಕಾ? ಕಾಲಿಡೂದು ಸರಿ ಐತಿ? ನಡಕ್ಕ ಬಡೀತೇನು? ಸೀರಿ ಗಾಲಿ ಕಡೆ ಹೊಂಟಿತ್ತೇನು?" ಸುರೇಖಾ ಹೇಳುತ್ತಲೇ ಹೋದಳು. ಕಂಬಿ ಸ್ವಲ್ಪ ಹಿಂದಾಯಿತು, ಕೈ ತಿರುಚಬೇಕಾಗುತ್ತದೆ. ಸೀಟು ಮೆತ್ತಗಿದೆ, ಆದರೆ ಇಳಿಜಾರು, ಬ್ರೇಕು ಹಿಡಿದರೆ ಮುಂದೆ ಜಾರುತ್ತದೆ. ಆಯೇಶಾ ತಲೆಯಾಡಿಸುತ್ತ ಕೇಳಿ, ಒಳಗಿನ ಮೇಸ್ತ್ರಿಯನ್ನು ಕರೆದು, ಕಂಬಿ ಮುಂದೆ ತರಲು ಬರುತ್ತದೆಯೇ ಎಂದು ವಿಚಾರಿಸಿದಳು. ಬರ್ತೈತ್ರಿ, ಎಂದ ಅವನು.

ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ಒಂದು ಬೆಂಚಿನ ಎರಡು ತುದಿಗೆ ಕೂತರು. ಸಣ್ಣ ಹನಿ ಶುರುವಾಯಿತು. ಯಲ್ಲಾಲಿಂಗ ಏನೋ ಹೇಳಬೇಕೆಂದು ಚಡಪಡಿಸುತ್ತಿದ್ದ. ಆ ಸುಳ್ಳಿನ ಬಗ್ಗೆ ಕೇಳಿದರೆ ಏನು ಹೇಳಲಿ ಎಂದು ಸುರೇಖಾ ಮಾತು ಹುಡುಕಿದಳು.

"ಅಕ್ಕಾರ, ಒಂದ ಮಾತ ಕೇಳಲೇನ್ರಿ?"

"ಕೇಳ್ರಿ."

"ಖರೇ ಹೇಳ್ರಿ. ಆ ಸೀಟ ಮ್ಯಾಲ ಕುಂತು ದೂರ ಹೋದ್ರ ನಡ ಹಿಡಿಯೂದಿಲ್ಲಲ್ಲ? ಕಾವೇರಿಗೆ ಹೆರಿಗಿ ಆದಾಗಿಂದ ನಡಾ ನೋವ. ನನ್ನ ಹಳೀ ಗಾಡಿ ಮ್ಯಾಲ ಕುಂತ್ರ ಅಳ್ತಾಳ್ರಿ. ಹೊಸಾದ ತಗೋಬೇಕಂತ ಮಾಡೀನಿ. ನಾ ಓಡಸಾಂವ, ಹಿಂದಿಂದು ನನಗೇನ ತಿಳೀತೈತಿ? ನೀವು ಕುಂತಿರಿ, ಚಲೋ ಆತು."

ಹನಿ ಜೋರಾಯಿತು. ಅವನ ಮುಖದಲ್ಲಿ ಯಾವ ಕಪಟವೂ ಇರಲಿಲ್ಲ. ಆ ಮಣ್ಣಿನ ದಾರಿಯಲ್ಲಿ, ಅವನು ಗಾಡಿ ನಿಧಾನ ಮಾಡಿದಾಗಲೂ, ಅವನ ಮನಸ್ಸಿನಲ್ಲಿ ಹಿಂದೆ ಕೂತಿದ್ದವಳು ಕಾವೇರಿಯೇ. ಸುರೇಖಾ ಆಸೆಯೇನನ್ನೂ ಕಟ್ಟಿಕೊಂಡಿರಲಿಲ್ಲ. ಇವನು ಬೇಕೆಂದು ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಆದರೂ ಎದೆಯೊಳಗೆ ಯಾರೋ ಎದ್ದು ಹೊರಗೆ ನಡೆದ ಹಾಗಾಯಿತು.

"ಇದಕ್ಕಿಂತ ಅಗಲ ಸೀಟಿಂದು ನಮ್ಮಲ್ಲೇ ಐತಲ್ಲ," ಎಂದಳು, ದನಿ ಸರಿ ಮಾಡಿಕೊಂಡು. "ಕಂಬಿ ಅಷ್ಟ ಮುಂದ ಮಾಡಸ್ರಿ. ಕೈ ಎತ್ತರದಾಗ ಆಧಾರ ಸಿಕ್ರ ನಡಕ್ಕ ಭಾರ ಬೀಳೂದಿಲ್ಲ. ಕಾವೇರಿಗೆ ಒಗ್ಗತೈತಿ."

"ಹಂಗಂದ್ರ ಮುಗೀತ್ರಿ," ಎಂದು ಅವನು ನಿಶ್ಚಿಂತೆಯಿಂದ ಕಾಲು ಚಾಚಿದ.

ಮರುದಿನ ಜಯಮಾಲಾ ಕೇಳಿದಾಗ ಯಲ್ಲಾಲಿಂಗ ವರ್ಕ್‌ಶಾಪಿನ ಮಾತು ಹೇಳಿದ: ನಡುವಿನ ಬಾಗಿಲು ತೆಗೆಸಬೇಕು, ಬಿಡಿ ಭಾಗ ಇಟ್ಟಿರಬೇಕು. ಸುರೇಖಾ ಹೇಳಿದ್ದು ಬೇರೆ.

"ಇಂಡ್ಯಾಗ ಗಾಡಿ ತೋರಸ್ತಾರ್ರಿ ಅವ್ವಾರ. ಸಿಂದಗ್ಯಾಗ ಪ್ರೀತಿ ತೋರಸ್ತಾರ, ಗಾಡಿ ಇರೂದಿಲ್ಲ. ಮುದ್ದೇಬಿಹಾಳದಾಗ ನಮ್ಮನ್ನ ಕೇಳ್ತಾರ. ಕೇಳಿದ್ಮ್ಯಾಲ ಹೇಳೂತನಕ ತಡೀತಾರ. ನಾವು ಕೇಳೂದೇ ಇಲ್ಲ. ನಾ ದಿನಾ ಇಷ್ಟ ಮಂದಿಗೆ ಫೋನ್ ಮಾಡ್ತೇನಿ, ಯಾವಾಗ ತರ್ತೀರಿ ಅನ್ನೂದ ಬಿಟ್ರ ಒಂದ ಮಾತು ಕೇಳಿಲ್ಲ."

ಜಯಮಾಲಾ ಅವಳನ್ನು ದಿಟ್ಟಿಸಿ ನೋಡಿದಳು. ಅದೇ ವಾರ ಫೋನಿನ ಕುರ್ಚಿಗೆ ಬೇರೆ ಹುಡುಗಿ ಬಂದಳು. ಸುರೇಖಾ ಗಿರಾಕಿಗಳ ಎದುರು ನಿಂತಳು. ಕೆಲಸ ಕೈಹಿಡಿಯಿತು. ದಸರೆಯ ಹೊತ್ತಿಗೆ ದೂರದ ಹಳ್ಳಿಗಳಿಂದ ಗಂಡ ಹೆಂಡತಿ ಜೊತೆಯಾಗಿ ಬಂದು, "ಸುರೇಖಾಬಾಯಾರು ಅದಾರೇನ್ರಿ?" ಎಂದು ಕೇಳತೊಡಗಿದರು. ಮುದ್ದೇಬಿಹಾಳಕ್ಕೆ ಹೋಗುವವರು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾದರು.

ಯಲ್ಲಾಲಿಂಗನ ಹೊಸ ಗಾಡಿಗೂ ಅವಳೇ ಮುಂದೆ ನಿಂತು ಕಂಬಿ ಸರಿಮಾಡಿಸಿದಳು. ಪೂಜೆಯ ದಿನ ಕಾವೇರಿ ಮಗುವನ್ನೆತ್ತಿಕೊಂಡು ಬಂದು, ಹಿಂದೆ ಹತ್ತಿ ಕೂತು, "ಅಯ್ ಯವ್ವಾ, ಮಂಚದ ಮ್ಯಾಲ ಕುಂತಂಗಾತು!" ಎಂದು ನಕ್ಕಳು. ಸುರೇಖಾ ಅವರ ಫೋಟೋ ತೆಗೆದಳು.

ಶೀಗಿ ಹುಣ್ಣಿಮೆಗೆ ಅವರ ಮನೆಯಲ್ಲಿ ಊಟ. ಸುರೇಖಾ ಗೊಳಸಂಗಿಗೆ ಹೋಗಿ, ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಕಾವೇರಿಯ ಕೈಯ ಕಡಬು, ಪುಂಡಿಪಲ್ಲೆ ಹೊಟ್ಟೆ ತುಂಬ ಉಂಡಳು. ಮಗು ಅವಳ ತೊಡೆಯ ಮೇಲೇ ನಿದ್ದೆ ಹೋಯಿತು. ಹೊತ್ತು ಇಳಿಯುವಾಗ ಕಾವೇರಿ ಅಂದಳು: "ಬಸ್ಸಿಗ್ಯಾಕ ಕಾಯ್ತೀರಿ ಅಕ್ಕಾ? ಇವ್ರು ಬಿಟ್ಟ ಬರ್ತಾರ. ಗಾಡಿ ಹೊರಗ ಐತಿ."

ಯಲ್ಲಾಲಿಂಗ ಆಗಲೇ ಕೀಲಿಕೈ ಹಿಡಿದು ಎದ್ದಿದ್ದ.

"ಬ್ಯಾಡ್ರಿ," ಎಂದಳು ಸುರೇಖಾ, ಮಗುವನ್ನು ಮೆಲ್ಲಗೆ ತಾಯಿಯ ಕೈಗೆ ಕೊಡುತ್ತ. "ಬಸ್ ಈಗ ಬರ್ತೈತಿ."

ಅವಳು ಒಬ್ಬಳೇ ರಸ್ತೆಯವರೆಗೆ ನಡೆದು ಬೇವಿನ ಮರದ ಕೆಳಗೆ ನಿಂತಳು. ಬಸ್ಸು ತಡವಾಗಿ ಬಂತು. ಅರ್ಧಕ್ಕರ್ಧ ಖಾಲಿ. ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಬದಿ ಕೂತು, ಪಕ್ಕದಲ್ಲಿ ಕಾವೇರಿ ಕಟ್ಟಿಕೊಟ್ಟ ಬುತ್ತಿಯ ಗಂಟು ಇಟ್ಟುಕೊಂಡಳು. ಬಾಗೇವಾಡಿ ಬರುವವರೆಗೂ ಅದು ಬೀಳದ ಹಾಗೆ ಒಂದು ಕೈ ಅದರ ಮೇಲೆ ಇಟ್ಟೇ ಇದ್ದಳು.